ಪಾಂಡಿಗೆ ಹೋದ ಅವರೆಕಾಯಿ ಮೂಟೆ

ಹೆಂಡತಿಗೆ ವಿಶ್ರಾಂತಿ ಕೊಡಬೇಕು ಎಂಬ ಮಹದಾಲೋಚನೆ ಯುವರಾಜನಿಗೆ ಹೊಳೆದದ್ದು, ಅದೇ ಹೆಂಡತಿ ಅವನ ಬೆನ್ನು ಉಜ್ಜುತ್ತಿದ್ದಾಗ. ಭಾನುವಾರದ ಎಣ್ಣೆಸ್ನಾನ. ಬಚ್ಚಲಲ್ಲಿ ಮಣೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದವನು ಋಷಿಗೆ ಜ್ಞಾನೋದಯವಾದಂತೆ, “ನಿಂಗೂ ಒಂದು ರೆಸ್ಟು ಬೇಕು ಕಣೆ” ಎಂದ. ಒಂದು ಕ್ಷಣ ಬಿಟ್ಟು, “ಇನ್ನೊಂಚೂರು ಎಡಗಡೆಗೆ ಉಜ್ಜು” ಎಂದೂ ಸೇರಿಸಿದ.

ಹೆಸರು ಯುವರಾಜ. ವಯಸ್ಸು ನಲವತ್ತೈದು ದಾಟಿದೆ. ಪಟ್ಟಾಭಿಷೇಕ ಇನ್ನೂ ಆಗಿಲ್ಲ. ಅವ್ವ ಅಶ್ವತ್ಥಮ್ಮ ಗಟ್ಟಿಮುಟ್ಟಾಗಿರುವವರೆಗೆ ಆಗುವ ಲಕ್ಷಣವೂ ಇಲ್ಲ. ಹೊಸೂರಿನ ಬಳಿ ಸಾನಮಾವು ಕಾಡಿನ ಅಂಚಿನಲ್ಲಿ ಊರು, ಮನೆಯ ಹಿಂದೆ ರಾಗಿ ಮತ್ತು ಅವರೆಯ ಹೊಲ, ಸಂಬಳ ಮಾತ್ರ ಮೂಕಂಡಪಲ್ಲಿಯ ಒಂದು ಕಾರ್ಖಾನೆಯ ತಗಡಿನ ಪ್ರೆಸ್ ಶಾಪಿನಲ್ಲಿ. ಆ ಕಾರ್ಖಾನೆಯಲ್ಲಿ ಡಿಸೆಂಬರ್ ಕೊನೆಗೆ ಒಂದು ವಾರ ಯಂತ್ರಗಳನ್ನೆಲ್ಲ ನಿಲ್ಲಿಸಿ, ಒರೆಸಿ, ಎಣ್ಣೆ ಹಾಕಿ ಮಲಗಿಸುತ್ತಾರೆ. (ಹೆಂಡತಿ ರಾಧಾಮಣಿಗೆ ಅಂಥ ಏರ್ಪಾಡು ಯಾವ ಮಾಲೀಕನೂ ಮಾಡಿಲ್ಲ. ಅವಳು ಯಂತ್ರವಲ್ಲ ನೋಡಿ, ಕೆಟ್ಟರೆ ನಷ್ಟವಾಗುವುದಕ್ಕೆ.) ಆ ರಜೆಯಲ್ಲಿ ಸಂಸಾರ ಸಮೇತ ಪಾಂಡಿಚೇರಿಗೆ ಹೋಗುವುದೆಂದು ಯುವರಾಜ ಬಚ್ಚಲಿನಿಂದಲೇ ಘೋಷಿಸಿದ.

ಊರೆಲ್ಲ ನಕ್ಕಿತು. ಪಾಂಡಿಗೆ ಗಂಡಸರು ನೋಡೋಕೆ ಹೋಗುವುದು ಉಪ್ಪುನೀರನ್ನಲ್ಲ ಎಂದು ಪಕ್ಕದ ಮನೆಯ ಬೈರಮ್ಮ ಬೇಲಿಯಾಚೆಯಿಂದ ಎಚ್ಚರಿಸಿದಳು. ಯುವರಾಜ ಹೆಂಡತಿಯ ತಲೆ ಮುಟ್ಟಿ ಆಣೆ ಮಾಡಿದ, ಒಂದು ತೊಟ್ಟೂ ಮುಟ್ಟುವುದಿಲ್ಲ ಎಂದು. (ಆ ಆಣೆಯನ್ನು ಅವನು ಪಾಲಿಸಿದ. ಮುಂದಿನ ಅನರ್ಥಗಳನ್ನೆಲ್ಲ ಅವನು ಸಂಪೂರ್ಣ ಸ್ವಸ್ಥಚಿತ್ತದಿಂದಲೇ ಮಾಡಿದ ಎಂಬುದು ಓದುಗರ ಗಮನದಲ್ಲಿರಲಿ.)

ರಾಧಾಮಣಿ ಆಣೆ ಕೇಳಿ ಕರಗುವ ಹೆಂಗಸಲ್ಲ. ಮದುವೆಯಾದ ವರ್ಷ ಕೃಷ್ಣಗಿರಿ ಡ್ಯಾಮಿನಲ್ಲಿ ಕಾಲು ನೆನೆಸಿದ್ದೇ ಅವಳು ಕಂಡ ಅತಿ ದೊಡ್ಡ ನೀರು.

“ರೆಸ್ಟು ಗಿಸ್ಟು ನಂಗ್ ಬ್ಯಾಡ” ಎಂದಳು. “ಸಮುದ್ರದಾಗೆ ಕಾಲಿಡ್ಬೇಕು. ದೋಣಿ ಹತ್ಬೇಕು. ಅದೊಂದು ಮಾಡ್ಸಿ, ಸಾಕು.”

ದೋಣಿ ತಾನೇ, ಹತ್ತಿದರಾಯಿತು. ಅವನಿಗೂ ದೋಣಿಯ ಮೇಲೆ ಕಣ್ಣಿತ್ತು. ಹೊಸೂರು ಬಸ್ ಸ್ಟ್ಯಾಂಡಿನ ಹತ್ತಿರ ಕಪ್ಪು ಕನ್ನಡಕವನ್ನೂ ಒಂದು ಬಿಳಿ ಟೊಪ್ಪಿಗೆಯನ್ನೂ ಅವನು ಆಗಲೇ ಕೊಂಡಿದ್ದ. ದೋಣಿಯ ಮೂತಿಯ ಮೇಲೆ ಒಂದು ಕಾಲಿಟ್ಟು, ಗಾಳಿಗೆ ಅಂಗಿ ಹಾರಿಸುತ್ತ ಫೋಟೋ ಹೊಡೆಸಿಕೊಂಡು, ‘ಪ್ರೆಸ್ ಶಾಪ್ ಸಿಂಹಗಳು’ ಎಂಬ ವಾಟ್ಸಾಪ್ ಗುಂಪಿಗೆ ಹಾಕಬೇಕು. ಸೂಪರ್‌ವೈಸರ್ ನಂದೀಶನಿಗೆ ಹೊಟ್ಟೆ ಉರಿಯಬೇಕು. ಪ್ರವಾಸದ ಪರಮ ಗುರಿ ಅದೇ.

ಒಂದೇ ಒಂದು ತೊಡಕು, ಊಟ. ಯುವರಾಜನ ಹೊಟ್ಟೆ ಹೋಟೆಲನ್ನು ಒಪ್ಪುವುದಿಲ್ಲ. ಮುದ್ದೆ ಬೇಕು. ಸಾಲದ್ದಕ್ಕೆ ಇದು ಅವರೆಯ ಕಾಲ. ಇಬ್ಬನಿ ಬಿದ್ದು ಕಾಯಿ ಸೊಗಡೇರಿದೆ.

“ಹಿತ್ಕಿದ್ ಬ್ಯಾಳೆ ಸಾರಿಲ್ದ ಡಿಸೆಂಬರ್ರು ಒಂದು ಡಿಸೆಂಬರ್ರಾ? ಎಲ್ಲೋದ್ರೂ ನಮ್ಮ ಪದ್ಧತಿ ಬಿಡಬಾರ್ದು ಕಣೆ” ಎಂದ.

ಅವರೆಯನ್ನು ಹಿತಕುವುದೆಂದರೆ ಏನೆಂದು ಉಂಡವರಿಗೆ ಗೊತ್ತಿರುವುದಿಲ್ಲ, ಮಾಡಿದವರಿಗೆ ಮಾತ್ರ ಗೊತ್ತು. ಕಾಯಿ ಸುಲಿದು, ಕಾಳನ್ನು ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಒಂದೊಂದೇ ಕಾಳನ್ನು ಹೆಬ್ಬೆರಳಿನಿಂದ ಒತ್ತಬೇಕು. ಸಿಪ್ಪೆ ಕೈಯಲ್ಲುಳಿದು ಬೇಳೆ ಪಿಚಕ್ಕನೆ ಹೊರಗೆ ಬರುತ್ತದೆ. ಒಂದು ಗಡಿಗೆ ಸಾರಿಗೆ ಇಬ್ಬರು ಹೆಂಗಸರ ಅರ್ಧ ದಿನ ಹೋಗುತ್ತದೆ. ಆಮೇಲೆ ಮಾಡೋಣವೆಂದು ಮುಂದೂಡುವ ಹಾಗೂ ಇಲ್ಲ. ನೆಂದ ಕಾಳು ಮಧ್ಯಾಹ್ನ ದಾಟಿದರೆ ಲೋಳೆ ಬಂದು ಹುಳಿ ನಾತ ಹೊಡೆಯುತ್ತದೆ. ಈ ಪದ್ಧತಿಯನ್ನು ಯುವರಾಜ ಬಾಯಿಂದ ಮಾತ್ರ ಕಾಪಾಡಿಕೊಂಡು ಬಂದಿದ್ದ, ಮಾತಿಗೂ ಊಟಕ್ಕೂ.

ಹಸುವನ್ನು ಬೈರಮ್ಮನಿಗೂ ಹೊಲವನ್ನು ಆನೆಗಳ ಒಳ್ಳೆಯ ಬುದ್ಧಿಗೂ ಒಪ್ಪಿಸಿ, ಬಾಮೈದನಿಂದ ಎರವಲು ತಂದ ವ್ಯಾನಿನಲ್ಲಿ ಹೊರಟರು. ಹಿಂದಿನ ಸೀಟಿನಲ್ಲಿ ಅಶ್ವತ್ಥಮ್ಮ, ರಾಧಾಮಣಿ, ಪ್ಲಸ್ ಟೂ ಓದುವ ಮಗಳು ಭೂಮಿಕಾ. ಅವರ ಕಾಲಬುಡದಲ್ಲಿ ರಾಗಿಹಿಟ್ಟು, ಮುದ್ದೆಕೋಲು, ಸಾರಿನ ಪುಡಿ. ಮುಂದಿನ ಸೀಟಿನಲ್ಲಿ ವ್ಯಾನು ಓಡಿಸುವ ಯುವರಾಜನ ಪಕ್ಕ, ಬೆಲ್ಟು ಬಿಗಿಸಿಕೊಂಡು, ರಾಜಮರ್ಯಾದೆಯಿಂದ ಅವರೆಕಾಯಿಯ ಮೂಟೆ.

ಪಾಂಡಿಚೇರಿಯಲ್ಲಿ ಯುವರಾಜ ಹುಡುಕಿ ಹಿಡಿದ ಲಾಡ್ಜಿನ ವಿಶೇಷವೇನೆಂದರೆ ಅಲ್ಲಿ ಅಡುಗೆಮನೆ ಇತ್ತು. ಸಮುದ್ರ ಎರಡೇ ಬೀದಿ ಆಚೆ. ಮೊರೆತ ಕೇಳುತ್ತದೆ, ಉಪ್ಪಿನ ಗಾಳಿ ಮೂಗಿಗೆ ಹೊಡೆಯುತ್ತದೆ, ಅಡುಗೆಮನೆಯ ಕಿಟಕಿ ತೆರೆದರೆ ಮಾತ್ರ ಪಕ್ಕದ ಮನೆಯ ಹಳದಿ ಗೋಡೆ. ಗಂಡಸರು ‘ಫ್ಯಾಮಿಲಿ ಟೂರು’ ಎಂದು ಕರೆಯುವುದು ಬಹುಮಟ್ಟಿಗೆ ಅಡುಗೆಮನೆಯ ವರ್ಗಾವಣೆಯನ್ನು. ಸರ್ಕಾರಿ ನೌಕರರಿಗಾದರೆ ವರ್ಗಾವಣೆಗೆ ಭತ್ಯೆ ಸಿಗುತ್ತದೆ. ಇಲ್ಲಿ ಅದೂ ಇಲ್ಲ, ಪಾತ್ರೆಗಳೂ ಹೊಸವು.

ಮೊದಲ ಸಂಜೆ ಅತ್ತೆ ಸೊಸೆ ಕಾಯಿ ಸುಲಿದರು. ನೆನೆಹಾಕಲು ಪಾತ್ರೆ ಸಾಲದೆ ಲಾಡ್ಜಿನವರು ಕೊಟ್ಟ ಒಂದೇ ಒಂದು ಸ್ನಾನದ ಬಕೆಟ್ಟನ್ನು ತಿಕ್ಕಿ ತೊಳೆದು ಅರ್ಧದಷ್ಟು ಕಾಳು ಸುರಿದರು. ಹೀಗಾಗಿ ಮರುದಿನ ಸ್ನಾನಗಳೆಲ್ಲ ಮಗ್ಗಿನಲ್ಲೇ ಮುಗಿದವು. ಬೆಳಿಗ್ಗೆ ಅತ್ತೆ ಸೊಸೆ ಹಿತಕಲು ಕೂತಾಗ, ಸುಮ್ಮನೆ ಅಡ್ಡ ಇರಬಾರದೆಂಬ ಸೌಜನ್ಯದಿಂದ ಯುವರಾಜ ಮಗಳನ್ನು ಕರೆದುಕೊಂಡು ಕಡಲತೀರಕ್ಕೆ ಹೋದ. ಕರಿಬಂಡೆಗಳ ಮೇಲೆ ನೊರೆ ಒಡೆಯುವುದನ್ನು ನೋಡಿದ. ಬಿಳಿ ಲೈಟ್‌ಹೌಸು ನೋಡಿದ. ಬೋಗನ್‌ವಿಲ್ಲಾ ಜೋತಾಡುವ ಫ್ರೆಂಚ್ ಬೀದಿಗಳಲ್ಲಿ, ಗೋಡೆಗೆ ಒರಗಿ ಫೋಟೋ ಹೊಡೆಸಿಕೊಳ್ಳುವವರ ನಡುವೆ, ತಾನೂ ಒಂದೆರಡು ಗೋಡೆಗೆ ಒರಗಿದ. ಆಮೇಲೆ ಮನಸ್ಸು ಚುಚ್ಚಿತು. ಪಾಪ, ಅವಳೂ ನೋಡಲಿ ಎಂದು ಹೆಂಡತಿಗೆ ವಿಡಿಯೋ ಕಾಲ್ ಮಾಡಿದ.

“ನೋಡೇ, ಸಮುದ್ರ” ಎಂದ.

ಸಮುದ್ರದಿಂದ ಎರಡು ಬೀದಿ ಆಚೆ, ಸಿಪ್ಪೆಯ ಗುಡ್ಡೆಯ ಮುಂದೆ ಕೂತು, ರಾಧಾಮಣಿ ಅಂಗೈಯಗಲದ ಫೋನಿನಲ್ಲಿ ಸಮುದ್ರ ನೋಡಿದಳು. ಅಲೆ ಬರುವಷ್ಟರಲ್ಲಿ ನೆಟ್‌ವರ್ಕು ಸಿಕ್ಕಿಕೊಂಡು ನಿಂತುಬಿಟ್ಟಿತು. ಅವಳು ಕೈಯಲ್ಲಿದ್ದ ಕಾಳನ್ನು ಒತ್ತಿದ್ದು ಸ್ವಲ್ಪ ಜೋರಾಯಿತು, ಅಷ್ಟೆ. ಬೇಳೆ ಹಾರಿ ಫೋನಿನಲ್ಲಿದ್ದ ಯುವರಾಜನ ಮೂಗಿಗೆ ತಗುಲಿತು.

ಸಾರು ಅಮೋಘವಾಗಿತ್ತು. ಯುವರಾಜ ಎರಡು ಮುದ್ದೆ ನುಂಗಿ ಗೊರಕೆ ಹೊಡೆದ. ಪಾತ್ರೆ ಬೆಳಗಿ, ನೆಲ ಒರೆಸಿ, ಒಗೆದ ಬಟ್ಟೆ ಹರವಲು ಅಶ್ವತ್ಥಮ್ಮ ಮಹಡಿ ಹತ್ತಿದಾಗ ಹೊತ್ತು ಇಳಿಯುತ್ತಿತ್ತು. ಎರಡು ಮನೆಗಳ ಸಂದಿಯಲ್ಲಿ ಏನೋ ನೀಲಿಯಾಗಿ ಅಲುಗಾಡುತ್ತಿತ್ತು. ಯಾರ ಮನೆಯವರದೋ ಸೀರೆ, ಇಷ್ಟುದ್ದ ಒಣಹಾಕಿದ್ದಾರಲ್ಲ ಎಂದು ಆಕೆ ಮೊಮ್ಮಗಳನ್ನು ಕೇಳಿದಳು.

“ಅಜ್ಜೀ, ಅದೇ ಸಮುದ್ರ” ಎಂದಳು ಭೂಮಿಕಾ.

ಅಶ್ವತ್ಥಮ್ಮ ಒದ್ದೆ ಪಂಚೆಯನ್ನು ಕೈಯಲ್ಲೇ ಹಿಡಿದು ಬಹಳ ಹೊತ್ತು ನಿಂತಿದ್ದಳು. ಪಂಚೆ ಮಗನದು. ಆಮೇಲೆ ತನ್ನ ಊದಿದ ಹೆಬ್ಬೆರಳನ್ನು ನೋಡಿಕೊಂಡಳು. ಎಪ್ಪತ್ತು ದಾಟಿದ ಆಕೆ ಮಗನ ಪಕ್ಷ ಬಿಟ್ಟು ಮಾತಾಡಿದ್ದು ಯಾರಿಗೂ ನೆನಪಿಲ್ಲ. ಅವತ್ತು ಆ ಪಂಚೆಯನ್ನು ಮತ್ತೊಮ್ಮೆ ಹಿಂಡಿ, ತಂತಿಗೆ ಹಾಕಿ ಕೆಳಗಿಳಿದಳು.

ಅದೇ ಸಂಜೆ ಕೆಳಗೆ ಯುವರಾಜ ಲಾಡ್ಜಿನ ಮಾಲೀಕರಾದ ತಮಿಳು ಯಜಮಾನರ ಮುಂದೆ ಹಿತಕಿದ ಬೇಳೆಯ ಮಹಾತ್ಮೆ ಪಾರಾಯಣ ಮಾಡುತ್ತಿದ್ದ. ಪಾರಾಯಣದ ಕೊನೆಗೆ ಪ್ರಸಾದ ಇರಲೇಬೇಕಲ್ಲ. ನಾಳೆ ಮಧ್ಯಾಹ್ನ ನೀವೂ ಅಮ್ಮನವರೂ ನಮ್ಮ ಜೊತೆಗೇ ಊಟಕ್ಕೆ ಬರಬೇಕು ಎಂದು ಆಹ್ವಾನ ಕೊಟ್ಟುಬಿಟ್ಟ. ನಾಳೆ ಬೆಳಿಗ್ಗೆಯೇ ದೋಣಿ, ಸಂಜೆಗೆ ಊರಿಗೆ ವಾಪಸು ಎಂಬುದು ಅವನಿಗೆ ನೆನಪಿತ್ತು. ಹೆಂಗಸರು ಬೇಗ ಎದ್ದರೆ ಎಲ್ಲ ಆಗುತ್ತದೆ ಎಂಬ ಗಂಡಸರ ಗಣಿತದ ಪ್ರಕಾರ ಲೆಕ್ಕ ಸರಿಹೋಗಿತ್ತು. ಹೆಂಡತಿಗೆ ಶ್ರಮ ತಗ್ಗಿಸಲೆಂದು, ಎಲ್ಲರೂ ಮಲಗಿದ ಮೇಲೆ, ಸುಲಿದು ಉಳಿದಿದ್ದ ಕಾಳನ್ನಷ್ಟೂ ತಾನೇ ಬಕೆಟ್ಟಿಗೆ ಸುರಿದು ನೀರು ಬಿಟ್ಟ. ಜನ್ಮದಲ್ಲಿ ಮೊದಲ ಸಲ ಅಡುಗೆಗೆ ಕೈ ಹಚ್ಚಿದ ಹೆಮ್ಮೆಯಲ್ಲಿ ಅವನಿಗೆ ಒಳ್ಳೆ ನಿದ್ದೆ ಬಂತು.

ಬೆಳಿಗ್ಗೆ ಕಪ್ಪು ಕನ್ನಡಕ, ಬಿಳಿ ಟೊಪ್ಪಿಗೆ ಧರಿಸಿ ಅವನು ಹೊರಬಂದಾಗ, ಕಾಳು ಉಬ್ಬಿ ಬಕೆಟ್ಟಿನ ಕಂಠದವರೆಗೆ ಬಂದಿತ್ತು. ರಾಧಾಮಣಿ ಮಡಿಕೆ ಮುರಿಯದ ಸೀರೆ ಉಟ್ಟು ಆ ಬಕೆಟ್ಟಿನ ಮುಂದೆ ನಿಂತಿದ್ದಳು.

“ಯಾರು ಇದನ್ನ ನೆನೆಹಾಕಿದ್ದು?”

“ನಾನೇ” ಎಂದ ಯುವರಾಜ, ಶಹಭಾಸ್‌ಗಿರಿಯ ನಿರೀಕ್ಷೆಯಲ್ಲಿ. ಮಾಲೀಕರ ಊಟದ ವಿಷಯವನ್ನೂ ಹೇಳಿದ. ಬೇಕಾದರೆ ಅಪ್ಪ ಮಗಳು ದೋಣಿ ಹತ್ತಿ ಬರುತ್ತೇವೆ, ನೀವಿಬ್ಬರೂ ನಿಧಾನವಾಗಿ ಹಿತಕಿಕೊಳ್ಳಿ, ದೋಣಿಯಿಂದ ವಿಡಿಯೋ ಕಾಲ್ ಮಾಡುತ್ತೇನೆ ಎಂಬ ಪರಿಹಾರವನ್ನೂ ಸೂಚಿಸಿದ.

ರಾಧಾಮಣಿಯ ಕಣ್ಣಲ್ಲಿ ನೀರಾಡಿತು. ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇನ್ನೇನು ಕೂರಬೇಕು, ಅಷ್ಟರಲ್ಲಿ ಅಶ್ವತ್ಥಮ್ಮ ಸೊಸೆಯ ರಟ್ಟೆ ಹಿಡಿದಳು.

“ಮುಟ್ಬ್ಯಾಡ ಕಣಮ್ಮಿ. ನೆನೆಹಾಕಿದ ಕೈಯೇ ಹಿತ್ಕಬೇಕು. ಬ್ಯಾರೆ ಕೈ ಮುಟ್ಟಿದ್ರೆ ಬರೋ ವರ್ಸ ಅವರೆ ಹೂವಿಗೆ ಹುಳ ಬೀಳ್ತದೆ. ಪದ್ಧತಿ.”

ಯುವರಾಜ ಕನ್ನಡಕ ತೆಗೆದ. “ಇದ್ಯಾವ ಪದ್ಧತಿ ಅವ್ವಾ? ನಾನ್ ಕೇಳೇ ಇಲ್ವಲ್ಲ.”

“ನೀನ್ ಯಾವತ್ ನೆನೆಹಾಕಿದ್ಯೋ ಕೇಳಕ್ಕೆ?”

“ಇಷ್ಟು ದಿನ ಅವ್ಳು ನೆನೆಹಾಕಿದ್ನ ನೀನೂ ಹಿತ್ಕಿದ್ಯಲ್ಲ?”

“ಹೆಂಗಸ್ರುದೆಲ್ಲ ಒಂದೇ ಕೈ ಕಣ್ಲಾ” ಎಂದಳು ಅಶ್ವತ್ಥಮ್ಮ. “ನಮ್ಮತ್ತೆ ಹೇಳವ್ಳೆ. ಎಲ್ಲೋದ್ರೂ ಪದ್ಧತಿ ಬಿಡಬಾರ್ದು ಅಂತ ನೀನೇ ಅಲ್ವೇನ್ಲಾ ಅಂದಿದ್ದು?”

ಆ ಪದ್ಧತಿಯ ವಯಸ್ಸು ಒಂದು ರಾತ್ರಿ ಎಂದು ಭೂಮಿಕಾಗೂ ಗೊತ್ತಾಯಿತು, ರಾಧಾಮಣಿಗೂ ಗೊತ್ತಾಯಿತು. (ಗಂಡಸರು ಹುಟ್ಟಿಸಿದ ಪದ್ಧತಿಗಳ ವಯಸ್ಸನ್ನು ಯಾರಾದರೂ ಕೇಳಿದ್ದಾರೆಯೇ? ಹಾಗಾದರೆ ಇದನ್ನೂ ಕೇಳುವುದು ಬೇಡ.) ಅತ್ತೆಯ ಮುಖವನ್ನು ರಾಧಾಮಣಿ ಒಮ್ಮೆ ನೋಡಿದಳು. ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಬಿಡಿಸಿಕೊಂಡಳು. ಹೊರಡುವಾಗ ಭೂಮಿಕಾ ಅಪ್ಪನ ತಲೆಯ ಮೇಲಿಂದ ಬಿಳಿ ಟೊಪ್ಪಿಗೆಯನ್ನು ತೆಗೆದು ಅಜ್ಜಿಗೆ ಹಾಕಿದಳು.

ಯುವರಾಜ ಪ್ರೆಸ್ ಶಾಪಿನವನು. ಒತ್ತುವುದು ಅವನ ಕಸುಬು. ಅಲ್ಲಿ ಗುಂಡಿ ಅದುಮಿದರೆ ಉಕ್ಕಿನ ತಗಡು ಹೇಳಿದ ಆಕಾರಕ್ಕೆ ಬರುತ್ತದೆ. ಇಲ್ಲಿ ಮೊದಲ ಕಾಳು ಹಾರಿ ಫ್ಯಾನಿಗೆ ಬಡಿಯಿತು. ಎರಡನೆಯದು ಅವನ ಕಣ್ಣಿಗೇ ಬಂತು. ಕನ್ನಡಕವನ್ನು ಮತ್ತೆ ಹಾಕಿಕೊಂಡ. ಮುಂದಿನವು ಜಜ್ಜಿಹೋದವು. ಎಷ್ಟು ಒತ್ತಿದರೂ ಬಕೆಟ್ಟಿನ ಮಟ್ಟ ಇಳಿಯಲೊಲ್ಲದು, ಬದಲಿಗೆ ಕಾಳು ಇನ್ನೂ ಉಬ್ಬುತ್ತಿರುವಂತೆ ಕಂಡಿತು. ಬೆನ್ನು ಹಿಡಿಯಿತು. ಹೆಬ್ಬೆರಳು ಮರಗಟ್ಟಿತು. ಆಗ ಫೋನು ಬಡಿದುಕೊಂಡಿತು.

ಪರದೆಯ ತುಂಬ ನೀಲಿ. ದೋಣಿಯ ಮೂತಿಯಲ್ಲಿ ಬಿಳಿ ಟೊಪ್ಪಿಗೆಯ ಅಶ್ವತ್ಥಮ್ಮ, ಇಷ್ಟು ನೀರಿದ್ದೂ ಒಂದು ಗುಂಟೆ ರಾಗಿಗೂ ಆಗುವುದಿಲ್ಲವಲ್ಲ ಎಂದು ದೋಣಿಯವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ರಾಧಾಮಣಿ ಮಂಡಿಯವರೆಗೆ ಒದ್ದೆ. ಅವಳು ಹಾಗೆ ನಗುವುದನ್ನು ಯುವರಾಜ ಕೃಷ್ಣಗಿರಿ ಡ್ಯಾಮಿನ ಮೇಲೆ ಕಂಡಿದ್ದ, ಆಮೇಲೆ ಕಂಡಿರಲಿಲ್ಲ. ಯಾಕೆ ಕಂಡಿರಲಿಲ್ಲ ಎಂದು ಯೋಚಿಸುವಷ್ಟರಲ್ಲಿ ಅವಳೇ ಮಾತಾಡಿದಳು.

“ನೋಡ್ರೀ, ಸಮುದ್ರ.”

ನೆಟ್‌ವರ್ಕು ಸಿಕ್ಕಿಕೊಂಡಿತು.

ಊಟದ ಹೊತ್ತಿಗೆ ಸರಿಯಾಗಿ ಲಾಡ್ಜಿನ ಯಜಮಾನರು ವಿಭೂತಿ ಇಟ್ಟುಕೊಂಡು ಪತ್ನೀಸಮೇತರಾಗಿ ದಯಮಾಡಿಸಿದರು. ಒಲೆ ತಣ್ಣಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು, ಬನಿಯನ್ನಿನಲ್ಲಿ, ಮಂಡಿಗಳ ನಡುವೆ ಬಕೆಟ್ಟು ಇಟ್ಟುಕೊಂಡು ನೆಲದ ಮೇಲೆ ಕೂತಿದ್ದ ಆತಿಥೇಯನನ್ನು ನೋಡಿ ಆ ತಾಯಿ, ಮನೆಯ ಹೆಂಗಸರೆಲ್ಲಿ ಎಂದು ತಮಿಳಿನಲ್ಲಿ ಕೇಳಿದರು. “ಬೋಟ್” ಎಂದ ಯುವರಾಜ, ಮೂರೂ ಭಾಷೆಗೆ ಸಲ್ಲುವಂತೆ. ಆಕೆ ಸ್ವಲ್ಪ ಹೊತ್ತು ಅವನನ್ನೂ ಬಕೆಟ್ಟನ್ನೂ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ, “ನೀಂಗಳುಂ ಉಕ್ಕಾರುಂಗ” ಎಂದರು. ನೀವೂ ಕೂತ್ಕೊಳ್ಳಿ ಅಂತ. ವಿಭೂತಿಯ ಯಜಮಾನರು ಪಂಚೆ ಎತ್ತಿ ಕಟ್ಟಿ ಕೂತರು. ಆ ತಾಯಿ ಕುರ್ಚಿ ಎಳೆದುಕೊಂಡು ಫ್ಯಾನಿನ ಕೆಳಗೆ ಆರಾಮಾದರು.

ದೋಣಿಗೆ ಹೋದವರು ಮೀನೂಟ ಮುಗಿಸಿ ಬಂದಾಗಲೂ ಇಬ್ಬರು ಗಂಡಸರು ಬಕೆಟ್ಟಿನ ತಳ ಕಂಡಿರಲಿಲ್ಲ. ಕೋಣೆಗೆ ಹುಳಿ ನಾತ ಹಿಡಿದಿತ್ತು. ಬಾಗಿಲಲ್ಲೇ ನಿಂತು ಭೂಮಿಕಾ ಅಪ್ಪನ ಒಂದು ಫೋಟೋ ಹೊಡೆದಳು. ಊರಿಗೆ ಬರುವ ದಾರಿಯಲ್ಲಿ ಅಪ್ಪ ವ್ಯಾನು ಓಡಿಸುತ್ತಿದ್ದಾಗ, ಅವನದೇ ಫೋನಿನಿಂದ ಅದು ‘ಪ್ರೆಸ್ ಶಾಪ್ ಸಿಂಹ’ಗಳಿಗೆ ತಲುಪಿತು. ಕೆಳಗೆ ಬರೆದಿತ್ತು: ‘ಪಾಂಡಿಯಲ್ಲಿ ಅಪ್ಪನ ಸಮುದ್ರಸ್ನಾನ.’ ಮೊದಲು ನಕ್ಕವನು ನಂದೀಶ. ಅದನ್ನು ಹೆಂಡತಿಗೆ ತೋರಿಸಿದ ಮೂರ್ಖನೂ ಅವನೇ. ಮುಂದಿನ ಭಾನುವಾರದಿಂದ ನಂದೀಶ ಫೋನಿಗೆ ಸಿಗುವುದಿಲ್ಲ, ಕೈ ಒದ್ದೆಯಂತೆ.

ಜನವರಿಯ ಒಂದು ಶನಿವಾರ ಸಂಜೆ, ಬೆನ್ನು ನೋವು ಎಂದು ರಾಧಾಮಣಿ ಗಂಡನಿಗೆ ಅಡುಗೆಮನೆಯ ಡಬರಿಗೆ ಒಂದು ಬಿಂದಿಗೆ ನೀರು ಹುಯ್ಯಲು ಹೇಳಿದಳು. ಅವನು ಧಾರಾಳವಾಗಿ ಹುಯ್ದ. ಡಬರಿಯೊಳಗೆ ಏನಿದೆ ಎಂದು ನೋಡಲಿಲ್ಲ; ಮದುವೆಯಾದಂದಿನಿಂದ ಯಾವ ಪಾತ್ರೆಯೊಳಗೂ ಏನಿದೆ ಎಂದು ನೋಡಿದವನಲ್ಲ. ಬೆಳಿಗ್ಗೆ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಚ್ಚಲ ಮಣೆಯ ಮೇಲೆ ಕೂತು ಅವನು ಹೆಂಡತಿಯನ್ನು ಕೂಗಿದ. ಅವಳು ಬಂದು ಡಬರಿಯನ್ನು ಅವನ ಮುಂದೆ ಇಟ್ಟಳು. ಕಾಳು ದುಂಡಗೆ ಉಬ್ಬಿದ್ದವು.

“ನಾನೆಲ್ಲೇ ನೆನೆಹಾಕ್ದೆ?”

ಜಗಲಿಯಿಂದ ಅಶ್ವತ್ಥಮ್ಮನ ದನಿ ಬಂತು. ಆಕೆಯ ತಲೆಯ ಮೇಲೆ ಬಿಳಿ ಟೊಪ್ಪಿಗೆ ಇನ್ನೂ ಇತ್ತು.

“ನೀರ್ ಹುಯ್ದ ಕೈಯೇ ನೆನೆಹಾಕಿದ ಕೈ ಕಣ್ಲಾ. ಅದೂ ಪದ್ಧತಿ.”

ಎಣ್ಣೆಗೈಯಿಂದ ಯುವರಾಜ ಮೊದಲ ಕಾಳು ಒತ್ತಿದ. ಅದು ಜಾರಿ ನೀರೊಲೆಯ ಬೂದಿಯೊಳಕ್ಕೆ ಹೋಯಿತು.

“ಮತ್ತೆ ಬೆನ್ನು?” ಎಂದ, ಸಣ್ಣ ದನಿಯಲ್ಲಿ.

“ಹಿತ್ಕಿ” ಎಂದಳು ರಾಧಾಮಣಿ, “ಆಮೇಲ್ ನೋಡಾನ.”