ಖಾನಾಪುರದ ಸಕ್ಕರೆ ಬಟ್ಟಲು ಮತ್ತು ನನ್ನ ದೇಹಶುದ್ಧಿ

ಮನುಷ್ಯನಿಗೆ ನಲವತ್ತು ತುಂಬಿದಾಗ ಎರಡು ಸಂಗತಿಗಳು ಕರೆಯದೆಯೇ ಬರುತ್ತವೆ. ಒಂದು, ಹೊಟ್ಟೆ. ಇನ್ನೊಂದು, ಆ ಹೊಟ್ಟೆಯನ್ನು ಮನಸ್ಸು ಮಾಡಿದರೆ ಕರಗಿಸಬಲ್ಲೆ ಎಂಬ ಆತ್ಮವಿಶ್ವಾಸ. ಮೊದಲನೆಯದು ನನಗೆ ನಿಧಾನವಾಗಿ, ಯಾರಿಗೂ ತೊಂದರೆ ಕೊಡದೆ ಬಂದಿತ್ತು. ಎರಡನೆಯದನ್ನು ಒಂದೇ ಮಧ್ಯಾಹ್ನದಲ್ಲಿ ತಂದುಕೊಟ್ಟವರು ನಮ್ಮ ಕಚೇರಿಯ ಕುಲಕರ್ಣಿಯವರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬೆಳಗಾವಿಯ ಖಾಸಬಾಗದಲ್ಲಿ ನಾವು ಮೂವರು ಬಾಡಿಗೆ ಮನೆಯಲ್ಲಿದ್ದೆವು: ನಾನು, ಹೆಂಡತಿ ಕಮಲಾ, ನನ್ನ ತಂಗಿ ಇಂದು. ಅಪ್ಪ-ಅವ್ವ ತೀರಿಕೊಂಡಿದ್ದರಿಂದ ಇಂದುವಿನ ಮದುವೆಗೆ ಹಿರಿಯ ಎಂದರೆ ನಾನೇ. ಖಾನಾಪುರದಿಂದ ವಸಂತ ಎಂಬ ಡಾಕ್ಟರ್ ಹುಡುಗ ಬಂದು ಅವಳನ್ನು ನೋಡಿ, ಒಪ್ಪಿ ಹೋಗಿದ್ದ. "ನಿನಗ ಹೆಂಗ ಅನಸ್ತವಾ?" ಎಂದು ಕಮಲಾ ಕೇಳಿದರೆ ಇಂದು ಬಾಯಿ ಬಿಡಲಿಲ್ಲ. ಆದರೆ ಅವನು ಚಹಾ ಕುಡಿದ ಕಪ್ಪನ್ನು ತೊಳೆದು ಬೇರೆ ಇಟ್ಟಳು. ಆ ಕಪ್ಪಿಗೆ ನಾನು ಕೈ ಹಾಕಿದರೆ ಕಸಿದುಕೊಳ್ಳುತ್ತಿದ್ದಳು. ಉತ್ತರ ನಮಗೆ ತಿಳಿಯಿತು.

ಇನ್ನು ಉಳಿದದ್ದು ನಾವು ಹೋಗಿ ಅವರ ಮನೆ ನೋಡಿ ನಮ್ಮ ಒಪ್ಪಿಗೆ ತಿಳಿಸುವುದು. ಇದಕ್ಕೆ ನಮ್ಮ ಹಿರಿಯರು ಬಹಳ ಮರ್ಯಾದೆಯ ಪದ್ಧತಿಯೊಂದನ್ನು ಮಾಡಿಟ್ಟಿದ್ದರು. ಮಾತುಕತೆ ಮುಗಿದ ಮೇಲೆ ಗಂಡಿನ ಮನೆಯವರು ಹೆಣ್ಣಿನ ಕಡೆಯ ಹಿರಿಯನ ಮುಂದೆ ಒಂದು ಬಟ್ಟಲು ಸಕ್ಕರೆ ಇಡುತ್ತಾರೆ. ಅವನು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡರೆ ಸಂಬಂಧ ಕೂಡಿತು. ಮುಟ್ಟದೆ ಕೈ ಮುಗಿದರೆ ಇಲ್ಲ. "ಒಲ್ಲೆ" ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಯಾಕೆ ಎಂದು ಯಾರೂ ಕೇಳುವಂತಿಲ್ಲ. ಇದನ್ನೆಲ್ಲ ಅವ್ವ ನನಗೆ ಸಣ್ಣಂದಿನಲ್ಲೇ ತಿಳಿಸಿ ಹೇಳಿದ್ದಳು. ಓದುಗರು ಇದನ್ನು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ!

ಗಂಡಿನ ಮನೆಗೆ ಹೋಗುವುದೆಂದರೆ ಕೋಟು ಬೇಕು. ನನ್ನ ಮದುವೆಯ ಕೋಟನ್ನು ಟ್ರಂಕಿನಿಂದ ತೆಗೆದು ತೊಟ್ಟೆ. ತೋಳು ಹೋಯಿತು, ಬೆನ್ನು ಹೋಯಿತು. ಗುಂಡಿ ಮಾತ್ರ ತನ್ನ ಕಾಜಿನಿಂದ ಒಂದು ಗೇಣು ದೂರ ನಿಂತು, ಪರಿಚಯವೇ ಇಲ್ಲದಂತೆ ನೋಡಿತು.

ಈ ದುಃಖವನ್ನು ಮಾರನೆಯ ದಿನ ಕಚೇರಿಯಲ್ಲಿ ತೋಡಿಕೊಂಡೆ. ಕುಲಕರ್ಣಿಯವರು ಅದೇ ಆಗ ಯಾವುದೋ ನಿಸರ್ಗ ಚಿಕಿತ್ಸೆಯ ಶಿಬಿರದಿಂದ ಮರಳಿದ್ದರು. ಮುಖ ಒಣಗಿತ್ತು, ಮಾತು ಚಿಗುರಿತ್ತು.

"ಹೊಟ್ಟಿ ಅಂದ್ರ ಏನಂತ ತಿಳದೀರಿ? ಗಟಾರ! ನಲವತ್ತ ವರ್ಷದ ಹೊಲಸ ಒಳಗ ಗೋಡಿಗೆ ಹತ್ತಿ ಕುಂತೈತಿ!"

"ದಿನಾ ಮುಂಜಾನಿ ಹೋಗ್ತದಲ್ರೀ?" ಎಂದೆ, ವಿನಯದಿಂದ.

"ಅದು ಬರೇ ಮ್ಯಾಲಿಂದು!" ಎಂದರು ಕುಲಕರ್ಣಿ.

ನಾನು ಬೆಚ್ಚಿಬಿದ್ದೆ. ನಲವತ್ತು ವರ್ಷ ಹೊಲಸು ಹೊತ್ತುಕೊಂಡು ತಿರುಗಿದೆನಲ್ಲ! ಇಂಥ ಗಟಾರವನ್ನು ಡಾಕ್ಟರರ ಮನೆಗೆ ಒಯ್ಯುವುದೇ? ಅಲ್ಲಿಂದಲೇ ಶುದ್ಧಿ ಆರಂಭ. ಕ್ರಮ ಸರಳವಾಗಿತ್ತು. ಬೆಳಿಗ್ಗೆ ಸೋರೆಕಾಯಿಯ ರಸ. ಮಧ್ಯಾಹ್ನ ಬಿಸಿನೀರಿಗೆ ನಿಂಬೆಹುಳಿ. ಸಂಜೆ ಹಾಗಲಕಾಯಿಯ ರಸ. ಮಲಗುವಾಗ ಭೇದಿಗೆ ಔಡಲೆಣ್ಣೆ. ಅನ್ನ, ರೊಟ್ಟಿ, ಚಹಾ ಯಾವುದೂ ಇಲ್ಲ. ಎಲ್ಲಕ್ಕಿಂತ ದೊಡ್ಡ ವೈರಿ ಸಕ್ಕರೆ. "ಒಂದ ಕಾಳ ಸಕ್ಕರಿ ಒಳಗ ಹೋತಂದ್ರ ಎಲ್ಲಾ ವ್ಯರ್ಥ. ಮೊದಲಿಂದ ಶುರು ಮಾಡಬೇಕು!" ಎಂದು ಅವರು ಬೆರಳೆತ್ತಿ ಎಚ್ಚರಿಸಿದ್ದರು.

ಮನೆಯಲ್ಲಿ ಮಿಕ್ಸರ್ ಇರಲಿಲ್ಲ. ಇಂದು ಸೋರೆಕಾಯಿ ತುರಿದಳು, ನನ್ನ ಹಳೆಯ ಧೋತರದ ತುಂಡಿನಲ್ಲಿ ನಾನೇ ಹಿಂಡಿದೆ. ಲೋಟದಲ್ಲಿ ಬಿದ್ದದ್ದನ್ನು ಕಮಲಾ ಬೆಳಕಿಗೆ ಹಿಡಿದು ನೋಡಿದಳು.

"ರೀ, ಈ ರಸಾ ನಾ ದಿನಾ ನೋಡತೇನಿ. ಅರಿವಿ ಹಿಂಡಿದ ಮ್ಯಾಲ ಬಚ್ಚಲದಾಗ ಹರಕೋತ ಹೋಗ್ತದ."

"ನಿನಗ ಶಾಸ್ತ್ರ ತಿಳಿಯೂದಿಲ್ಲ," ಎಂದು ಒಂದೇ ಗುಟುಕಿಗೆ ಕುಡಿದೆ. ಶಾಸ್ತ್ರಕ್ಕೆ ಹಸಿ ಬಳ್ಳಿಯ ರುಚಿ ಇತ್ತು.

ಮೊದಲ ದಿನ ಮೈ ಹಗುರಾಯಿತು; ಊರೆಲ್ಲ ಹೇಳಿಕೊಂಡು ಬಂದೆ. ಆಮೇಲೆ ತಲೆನೋವು ಹತ್ತಿತು. ಕುಲಕರ್ಣಿಯವರಿಗೆ ಹೇಳಿದರೆ, "ಚಲೋ ಖೂನ! ಹೊಲಸ ಹೊರಗ ಹೊಂಟೈತಿ!" ಎಂದರು. ಕಣ್ಣು ಕತ್ತಲಿಟ್ಟಿತು. ಅದೂ ಹೊಲಸು ಹೊರಟ ಗುರುತೇ. ಸಾಹೇಬರ ಮೇಲೆ ರೇಗಿ ಬೈಸಿಕೊಂಡೆ. ಅದೂ! "ಮತ್ತ ಏನೂ ಆಗಲಿಲ್ಲಂದ್ರ?" ಎಂದು ಕೇಳಿದೆ. "ಹೊಲಸ ಭಾಳ ಹಟಮಾರಿ ಐತಿ ಅಂತ ತಿಳಕೋಬೇಕು," ಎಂದರು. ಹೀಗೆ ಯಾವ ದಿಕ್ಕಿನಿಂದಲೂ ಸೋಲದ ಶಾಸ್ತ್ರವನ್ನು ನಾನು ಮೊದಲ ಸಲ ಕಂಡೆ.

ಬಾಜು ಮನೆಯ ರಸೂಲ್ ಚಾಚಾ ವಡಗಾವಿಯ ಮಗ್ಗದವರಿಂದ ಸೀರೆ ತಂದು ಮಾರುವವರು. ಕಟ್ಟೆಯ ಮೇಲೆ ಗೋಡೆ ಹಿಡಿದು ಕುಳಿತಿದ್ದ ನನ್ನನ್ನು ನೋಡಿ ಅವರ ಜೀವ ಮರುಗಿತು.

"ಏನ ಸಾಹೇಬ್ರ, ನಾವೂ ರೋಜಾ ಹಿಡೀತೀವಿ. ಖರೇ, ಸಂಜೀಕ ಬಿಡ್ತೀವಲ್ರೀ. ನಿಮ್ದ ಬಿಡೂದ ಯಾವಾಗ?"

"ಒಳಗ ಪೂರಾ ಸ್ವಚ್ಛ ಆದ ಮ್ಯಾಲ, ಚಾಚಾ."

"ಸ್ವಚ್ಛ ಆಗೂದರಾಗ ಮನಿ ಮಾಲಕನ ಹೋದಗೀದಾನು, ನೋಡ್ಕೋರಿ!" ಎನ್ನುತ್ತ ಚಾಚಾ ಒಳಗೆ ಹೋದರು.

ಹೊರಡುವ ದಿನ ಬಂತು. ಕೋಟು ತೊಟ್ಟೆ. ಗುಂಡಿ ಬಿತ್ತು! ಜಯಘೋಷ ಮಾಡುವಷ್ಟು ಉಸಿರಿರಲಿಲ್ಲ, ಅಷ್ಟೇ. ಆದರೆ ನಾನೊಂದು ಜಾಣತನ ಮಾಡಿದ್ದೆ. ಡಾಕ್ಟರರ ಮನೆಗೆ ಹೋಗುವುದಲ್ಲವೇ, ಶುದ್ಧಿ ಅಪೂರ್ಣವಾಗಬಾರದೆಂದು ಅವತ್ತಿನ ಔಡಲೆಣ್ಣೆಯನ್ನು ಬೆಳಗಿನ ಜಾವಕ್ಕೇ, ಇಮ್ಮಡಿ ಮಾಡಿ ಕುಡಿದಿದ್ದೆ. ಆದ್ದರಿಂದ ಬೆಳಗಾವಿಯಿಂದ ಖಾನಾಪುರದವರೆಗಿನ ರೈಲು ಹಾದಿಯ ಸೊಬಗನ್ನು ವರ್ಣಿಸಲು ನಾನು ಅಸಮರ್ಥ. ದೇಸೂರು ಬಂದಾಗ ನಾನು ಒಳಗಿದ್ದೆ. ಇದಲಹೊಂಡ ಬಂದಾಗಲೂ ಒಳಗೇ ಇದ್ದೆ. ಹೊರಗೆ ಬಾಗಿಲು ಬಡಿಯುತ್ತಿದ್ದವರಿಗೆ ಕಮಲಾ ಸಮಾಧಾನ ಹೇಳುತ್ತಿದ್ದದ್ದು ಕೇಳುತ್ತಿತ್ತು: "ಸ್ವಲ್ಪ ತಡೀರಿ. ಹೆಣ್ಣಿನ ಕಡೆ ಹಿರ್ಯಾರದಾರ."

ಹೊರಬಂದು ಕುಳಿತರೆ ಅವಳ ತೊಡೆಯ ಮೇಲೆ ಬೀಗರಿಗಾಗಿ ತಂದ ಕುಂದಾದ ಡಬ್ಬಿ! ಕಾಯಿಸಿ ಕಾಯಿಸಿ ಕೆಂಪಾದ ಹಾಲಿನ ಆ ವಾಸನೆ ಮುಚ್ಚಳ ದಾಟಿ ಬಂದು ನನ್ನನ್ನು ಹೆಸರು ಹಿಡಿದು ಕರೆಯಿತು. ನಾನು ಮುಖ ತಿರುಗಿಸಿ ಕಿಟಕಿಯ ಸರಳು ಕಚ್ಚಿದೆ.

ವಸಂತನ ತಂದೆ ಬಾಬುರಾಯರದು ಖಾನಾಪುರದಲ್ಲಿ ಹಂಚು ಸುಡುವ ಭಟ್ಟಿ. ಭಟ್ಟಿಯ ಬದಿಗೇ ಮನೆ. ಮನೆಯ ಯಜಮಾನಿಕೆ ಬಾಬುರಾಯರ ತಾಯಿಯದು. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು. ಮರಾಠಿ, ಕನ್ನಡ ಎರಡನ್ನೂ ಒಂದೇ ಒರಳಿಗೆ ಹಾಕಿ ರುಬ್ಬಿದಂಥ ಮಾತು. ಕಮಲಾಳನ್ನು ಹೆಂಗಸರು ಒಳಗೆ ಕರೆದೊಯ್ದರು. ನಾನು ಪಡಸಾಲೆಯಲ್ಲಿ, ಎಲ್ಲರ ನಡುವೆ, ಗುಂಡಿ ಹಾಕಿದ ಕೋಟಿನಲ್ಲಿ ಕುಳಿತೆ.

"ಬರ್ರಿ, ಆರಾಮ ಕುಂದರ್ರಿ," ಎಂದರು ಬಾಬುರಾಯರು. ಒಗ್ಗರಣೆ ಅವಲಕ್ಕಿ ಬಂತು.

"ಬ್ಯಾಡ್ರಿ," ಎಂದೆ.

ಚಕ್ಕುಲಿ ಬಂತು. "ಬ್ಯಾಡ್ರಿ." ನಾವೇ ತಂದ ಕುಂದಾ ನಮಗೇ ತಿರುಗಿ ಬಂತು. ಕಣ್ಣು ಮುಚ್ಚಿ "ಬ್ಯಾಡ್ರಿ" ಎಂದೆ. ಚಹಾ ಬಂತು, ಹೋಯಿತು. ಬಾಬುರಾಯರ ಮುಖ ಸಣ್ಣದಾಗುತ್ತಿತ್ತು. ನನ್ನ ಸಂಯಮ ಕಂಡು ಅವರಿಗೆ ಗೌರವ ಉಂಟಾಗುತ್ತಿದೆ ಎಂದು ನಾನು ತಿಳಿದೆ. ಹಸಿದ ತಲೆ ಏನು ಬೇಕಾದರೂ ತಿಳಿಯುತ್ತದೆ.

ಕೊನೆಗೆ ಆಯಿ ತಾನೇ ಎದ್ದು ಬಂದು ನನ್ನ ಮುಂದೆ ಬೆಳ್ಳಿ ಬಟ್ಟಲು ಇಟ್ಟಳು. ತುಂಬ ಸಕ್ಕರೆ. ವಸಂತ ಕಂಬಕ್ಕೆ ಒರಗಿ ಉಸಿರು ಹಿಡಿದು ನಿಂತಿದ್ದ. ಅವ್ವನ ಪಾಠ, ತಂಗಿ ಎತ್ತಿಟ್ಟ ಕಪ್ಪು ಯಾವುದೂ ನನ್ನ ನೆನಪಿಗೆ ಬರಲಿಲ್ಲ. ಕಂಡದ್ದು ಕುಲಕರ್ಣಿಯವರ ಎತ್ತಿದ ಬೆರಳು ಮಾತ್ರ. ಮೊದಲಿಂದ ಶುರು!

ಎರಡೂ ಕೈ ಜೋಡಿಸಿ, ಬಟ್ಟಲನ್ನು ಹಿಂದಕ್ಕೆ ಸರಿಸಿದೆ. "ಸಕ್ಕರಿ ಮಾತ್ರ ಬ್ಯಾಡವೇ ಬ್ಯಾಡ್ರಿ!"

ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ವಸಂತ ನೆಲ ನೋಡಿದ. ಬಾಬುರಾಯರು ಮರ್ಯಾದೆ ಬಿಡದೆ, "ಇರ್ಲಿ ಬಿಡ್ರಿ. ಋಣಾನುಬಂಧ ಇರಬೇಕು," ಎಂದು ಎದ್ದುನಿಂತರು.

ಒಳಗಿನಿಂದ ಕಮಲಾ ಓಡಿಬಂದಳು. "ರೀ! ಏನ ಮಾಡಿದ್ರಿ? ಅಲ್ಲಿ ಇಂದು ದೇವರಿಗೆ ದೀಪಾ ಹಚ್ಚಿ ಹಾದಿ ನೋಡಾಕತ್ತಾಳ!"

ಆಗ ತಲೆಗೆ ಬೆಳಕು ಹೊಕ್ಕಿತು. ಸಕ್ಕರೆ! ಬಟ್ಟಲು! ತಂಗಿ! "ಹಂಗಲ್ರೀ ಬಾಬುರಾಯರ, ಅದು ಏನಂದ್ರ..." ಎಂದು ಗಡಬಡಿಸಿ ಎದ್ದೆ. ಎದ್ದದ್ದು ನಾನು, ನನ್ನ ತಲೆ ಇನ್ನೂ ಕೂತೇ ಇತ್ತು. ಪಡಸಾಲೆಯ ಹಂಚಿನ ಮಾಡು ಒಂದು ಸುತ್ತು ತಿರುಗಿತು. ಬಾಬುರಾಯರ ಕಾಲಬುಡದಲ್ಲೇ ಬಿದ್ದೆ.

ಎಚ್ಚರಾದಾಗ ವಸಂತ ನನ್ನ ನಾಡಿ ಹಿಡಿದಿದ್ದ. ನನ್ನ ಕಾಲುಗಳು ಎರಡು ದಿಂಬಿನ ಮೇಲಿದ್ದವು.

"ಏನ ತಿಂದಾರ್ರಿ ಇವರು?"

"ಏನೂ ಇಲ್ಲ. ಸೋರಿಕಾಯಿ ನೀರು, ಮ್ಯಾಲ ಔಡಲೆಣ್ಣಿ. ಒಳಗ ಸ್ವಚ್ಛ ಮಾಡಾಕತ್ತಾರಂತ!" ಎಂದು ಕಮಲಾ ಅಳುತ್ತಲೇ ನನ್ನ ಮಾನವನ್ನು ಪೂರ್ತಿ ಕಳೆದಳು.

ವಸಂತ ಪಕ್ಕದಲ್ಲಿದ್ದ ಅದೇ ಬಟ್ಟಲನ್ನು ಎಳೆದುಕೊಂಡ, ಸಕ್ಕರೆ ತೆಗೆದು ನೀರಿಗೆ ಹಾಕಿ, ಚಿಟಿಕೆ ಉಪ್ಪು ಬೆರೆಸಿ ಚಮಚದಿಂದ ನನ್ನ ಬಾಯಿಗೆ ಬಿಟ್ಟ. ಆಹಾ! ಹೊಲಸು ಹೊಲಸನ್ನು ಸೇರಿ ಕುಣಿದ ಹಾಗಾಯಿತು.

"ರಾಯರ, ಲಿವರ್ ಅದ, ಕಿಡ್ನಿ ಅದಾವ," ಎಂದ ವಸಂತ ಮೆಲ್ಲಗೆ. "ನೀವು ಹುಟ್ಟಿದಾಗಿಂದ ಅವು ಇದ ಕೆಲಸಾನ ಮಾಡಾಕತ್ತಾವ. ಒಂದ ದಿನಾನೂ ರಜಾ ಕೇಳಿಲ್ಲ. ಹೊತ್ತಿಗೆ ಅನ್ನ-ನೀರು ಕೊಡ್ರಿ, ಸಾಕು."

ರಜೆ ಕೇಳದ ನೌಕರರನ್ನು ನಾನು ನಮ್ಮ ಕಚೇರಿಯಲ್ಲಿ ಕಂಡಿರಲಿಲ್ಲ. ಅದಕ್ಕೇ ಅವರ ಇರವು ನನಗೆ ಹೊಳೆದಿರಲಿಲ್ಲ.

ಬಾಬುರಾಯರು ನಿಟ್ಟುಸಿರು ಬಿಟ್ಟರು. "ನಾವೂ ಭಟ್ಟಿ ಆರಿಸಿ ಬೂದಿ ತಗೀತೀವ್ರಿ. ಖರೇ, ಹಂಚ ಸುಡೂ ದಿನಾ ಯಾರರ ಆರಸ್ತಾರೇನ್ರಿ?"

ಅಷ್ಟರಲ್ಲಿ ಆಯಿ ಚಪ್ಪಾಳೆ ತಟ್ಟಿದಳು. "ಅರೇ ದೇವಾ! ಸಾಖರ ಬಾಯಾಗ ಬಿತ್ತಲ್ಲೋ! ನಮ್ಮ ಬಟ್ಟಲದಾಗಿಂದ, ನಮ್ಮ ಹುಡುಗನ ಕೈಲಿಂದ! ಆತು, ಸಂಬಂಧ ಕೂಡಿತು!"

"ಹಂಗಲ್ಲ ಆಯಿ," ಬಾಬುರಾಯರು ತಲೆಯಾಡಿಸಿದರು. "ಔಷಧ ಅಂತ ಹಾಕಿದ್ದ ಲೆಕ್ಕಕ್ಕ ಬರಂಗಿಲ್ಲ. ಅವರಾಗಿ ತಗೋಬೇಕು."

ನಾನು ಮಲಗಿದಲ್ಲಿಂದಲೇ ಕೈ ಚಾಚಿ ಬಟ್ಟಲು ಹಿಡಿದೆ. ಒಂದು ಮುಕ್ಕು ಇಂದುವಿನ ಸಲುವಾಗಿ. ಇನ್ನೊಂದು ಅವ್ವನ ಸಲುವಾಗಿ. ಮೂರನೆಯದು ಯಾರ ಸಲುವಾಗಿಯೂ ಅಲ್ಲ.

"ಸಾಕ್ರೀ!" ಕಮಲಾ ಕೂಗಿದಳು. "ಚಿಟಿಕಿ ತಗೋಬೇಕು, ಬಟ್ಟಲಾ ಅಲ್ಲ!"

ಪಡಸಾಲೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ವಸಂತ ನಕ್ಕ. ಆಮೇಲೆ ವಾಪಸಾದ ಕುಂದಾ ಮತ್ತೆ ಬಂತು, ಅವಲಕ್ಕಿ ಬಂತು, ಚಕ್ಕುಲಿ ಬಂತು. ಯಾವುದಕ್ಕೂ ನಾನು ಎರಡನೆಯ ಸಲ ಅವಮಾನ ಮಾಡಲಿಲ್ಲ. ಕುಂದಾದ ಎರಡನೆಯ ಸುತ್ತಿಗೆ ಕೋಟಿನ ಗುಂಡಿ ಟಪ್ಪೆಂದು ಹಾರಿ ಬಾಬುರಾಯರ ಮಡಿಲಿಗೆ ಬಿತ್ತು.

ಮದುವೆಗೆ ಕುಲಕರ್ಣಿಯವರೂ ಬಂದಿದ್ದರು. ಜಿಲೇಬಿಯ ಪಂಕ್ತಿಯಲ್ಲಿ ಅವರನ್ನು ಹಿಡಿದೆ. "ಏನ್ರೀ, ಸಕ್ಕರಿ?" ಎಂದರೆ, ಇನ್ನೊಂದು ಜಿಲೇಬಿ ಹಾಕಿಸಿಕೊಳ್ಳುತ್ತ, "ಇವತ್ತ ಹೊಲಸ ಕೂಡಿಸಿದ್ರನ ನಾಳೆ ಶುದ್ಧಿ ಮಾಡಾಕ ಬರ್ತದಲ್ರೀ!" ಎಂದರು. ಹೇಳಿದೆನಲ್ಲ, ಸೋಲದ ಶಾಸ್ತ್ರ.

ಆಮೇಲೆ ಎಷ್ಟೋ ವರ್ಷ ನಾನು ತಂಗಿಯನ್ನು ನೋಡಲು ಖಾನಾಪುರಕ್ಕೆ ಹೋಗಿಬರುತ್ತಿದ್ದೆ. ತವರಿನಿಂದ ಒಯ್ದ ಆ ಕಪ್ಪಿನಲ್ಲೇ ಅವಳು ಗಂಡನಿಗೆ ಚಹಾ ಕೊಡುತ್ತಿದ್ದಳು. ನನಗೆ ಆಗಲೂ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಹೊಸ್ತಿಲು ದಾಟುವ ಮೊದಲೇ ಆಯಿ ಒಳಗಿನಿಂದ ಕೇಳುತ್ತಿದ್ದಳು:

"ತಮ್ಮಾ, ತಿಂದ ಬಂದೀಯೋ, ಬೀಳಾಂವ ಅದೀಯೋ?"

ನಾನು ಬಾಯಿ ತೆರೆಯುತ್ತಿದ್ದೆ. ಉತ್ತರ ಕೊಡಲಿಕ್ಕಲ್ಲ. ಅಷ್ಟರಲ್ಲಿ ಆಯಿ ಸಕ್ಕರೆಯ ಬಟ್ಟಲು ಹಿಡಿದು ಬಾಗಿಲಿಗೆ ಬಂದಿರುತ್ತಿದ್ದಳು.