ನಾಲ್ಕನೇ ಕ್ಯಾಮೆರಾದಲ್ಲಿ ನಾನು

ಗುಂಡ್ಲುಪೇಟೆಯಲ್ಲಿ ಕೂತು ಚಾಮರಾಜನಗರದ ಒಲೆಯ ಮೇಲಿದ್ದ ಸಾರಿಗೆ ಉಪ್ಪು ಹಾಕಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ. ಅವರು ನಮ್ಮ ಮಾವ. ನನ್ನ ಗ್ರಹಚಾರಕ್ಕೆ ಆ ಸಾರು ನನ್ನದು!

ನಗುತ್ತಾ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಇಷ್ಟು ವರ್ಷವಾದ ಮೇಲೂ ಇದನ್ನು ಬರೆಯುವಾಗ ಪೆನ್ನು ಹಾಳೆಯನ್ನು ತೂತು ಮಾಡುತ್ತಿದೆ. ಕಾನ್ವೆಂಟಿನ ಸಿಸ್ಟರುಗಳ ಕೈಕೆಳಗೆ ಓದಿದವಳು ನಾನು. ಸಿಟ್ಟು ಏರಿದಷ್ಟೂ ನನ್ನ ದನಿ ಇಳಿಯುತ್ತದೆ, ಮಾತಿನಲ್ಲಿ 'ಪ್ಲೀಸ್' ಜಾಸ್ತಿಯಾಗುತ್ತದೆ. ಹಾಗಾಗಿ ನನಗೂ ಸಿಟ್ಟು ಬರುತ್ತದೆಂಬ ಸಂಗತಿಯೇ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಾವ ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಬೆಳಿಗ್ಗೆ ಆರಕ್ಕೇ ಖೋ ಖೋ ಹುಡುಗಿಯರನ್ನು ಮೈದಾನದಲ್ಲಿ ಓಡಿಸಬೇಕಾದ್ದರಿಂದ ಅಲ್ಲೇ ಒಂದು ರೂಮು ಮಾಡಿಕೊಂಡಿದ್ದರು. ಶನಿವಾರ ಚಾಮರಾಜನಗರಕ್ಕೆ ಬಂದರೆ ಸೋಮವಾರ ಮೊದಲ ಬಸ್ಸಿಗೆ ವಾಪಸ್ಸು. ಉಳಿದಂತೆ ಮನೆಯಲ್ಲಿ ಅತ್ತೆ, ನನ್ನವರು, ನಾನು. ಮಾವ ಇರಲಿ ಬಿಡಲಿ, ಮನೆ ಅವರ ಸೀಟಿಯ ಪ್ರಕಾರವೇ ನಡೆಯಬೇಕು. ಚಪ್ಪಲಿಗಳು ಸಾಲಾಗಿ ನಿಲ್ಲಬೇಕು, ಬಕೆಟ್ಟುಗಳು ಎತ್ತರದ ಪ್ರಕಾರ ನಿಲ್ಲಬೇಕು. ಅಲ್ಲಿ ನನ್ನದು ಅಂತ ಇದ್ದದ್ದು ಹತ್ತಡಿಯ ಅಡುಗೆಮನೆ ಒಂದೇ. ಸಾಸಿವೆ ಡಬ್ಬಕ್ಕೆ ಕಥೆಪುಸ್ತಕ ಒರಗಿಸಿಕೊಂಡು ಓದುತ್ತಿದ್ದೆ. ಬಾಣಲೆಯ ತಳಕ್ಕೆ ಹತ್ತಿದ ಪಲ್ಯವನ್ನು ನಿಂತುಕೊಂಡೇ ಕೆರೆದು ತಿನ್ನುತ್ತಿದ್ದೆ. ಸ್ಕೂಲಿನ ಪ್ರಾರ್ಥನೆಗಳನ್ನು ನನಗೆ ಬೇಕಾದ ರಾಗದಲ್ಲಿ ಹಾಡುತ್ತಿದ್ದೆ. ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಇಂಥ ಶಿಸ್ತಿನ ಮನೆಯ ಹಿತ್ತಲಿಂದ, ಮಾವ ದಸರಾ ರಜೆಗೆ ಮನೆಯಲ್ಲಿದ್ದಾಗಲೇ, ಒಂದು ದಿನ ತಾಮ್ರದ ಹಂಡೆ ಕಳುವಾಯಿತು.

"ಡ್ರಿಲ್ ಮೇಷ್ಟ್ರ ಮನೆಗೇ ನುಗ್ಗವ್ನೆ ಅಂದ್ರೆ!" ಎಂದು ಮಾವ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಮೈಸೂರಿನಿಂದ ಒಂದು ಪೆಟ್ಟಿಗೆ ಬಂತು. ಹಿಂದೆಯೇ ಒಬ್ಬ ಟೆಕ್ನೀಷಿಯನ್ ಬಂದ. ಮನೆಗೆ ಕ್ಯಾಮೆರಾ, ಕ್ಯಾಮೆರಾಕ್ಕೆ ಇಂಟರ್‌ನೆಟ್ಟು! ಗುಂಡ್ಲುಪೇಟೆಯ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಚಾಮರಾಜನಗರದ ಮನೆಯನ್ನು ನೋಡಬಹುದಂತೆ. ಹಂಡೆಯ ಜಾಗಕ್ಕೆ ಆಗಲೇ ಪ್ಲಾಸ್ಟಿಕ್ ಡ್ರಮ್ಮು ಬಂದಿತ್ತು. ಇನ್ನು ಆ ಮನೆಯಲ್ಲಿ ಕದಿಯಲು ಯೋಗ್ಯವಾದ ವಸ್ತು ಅಂದರೆ ಆ ಕ್ಯಾಮೆರಾ ಸೆಟ್ಟು ಮಾತ್ರ.

ಸೆಟ್ಟಿನಲ್ಲಿ ಇದ್ದದ್ದು ನಾಲ್ಕು. ಒಂದು ಗೇಟಿಗೆ, ಎರಡನೆಯದು ಹಿತ್ತಲಿಗೆ, ಮೂರನೆಯದು ತಾರಸಿಗೆ. ನಾಲ್ಕನೆಯದು ಉಳಿಯಿತು. "ಬಿಡಿಯಾಗಿ ವಾಪಸ್ ತಗೊಳಲ್ಲ ಸಾರ್, ಸೆಟ್ಟು" ಎಂದ ಟೆಕ್ನೀಷಿಯನ್. ತಂಡಕ್ಕೆ ಹೆಚ್ಚಾಗಿ ಉಳಿದ ಆಟಗಾರನನ್ನು ಎಲ್ಲಿ ನಿಲ್ಲಿಸುವುದೆಂದು ಯೋಚಿಸುವವರ ಹಾಗೆ ಮಾವ ಮನೆಯೆಲ್ಲ ಒಂದು ಸುತ್ತು ಹಾಕಿದರು. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ವೇಸ್ಟ್ ಆಗ್ಬಾರ್ದು. ಇಲ್ಲೇ ಹೊಡಿಯಯ್ಯ."

"ಮಾವ, ಪ್ಲೀಸ್, ಅಡುಗೆಮನೇಲಿ ಕಳ್ಳ ಏನು ತಗೊಂಡು ಹೋಗ್ತಾನೆ?"

"ನೀ ಸುಮ್ಕಿರವ್ವ. ಹಂಡೆ ಹೊತ್ಕೊಂಡ್ ಹೋದವ್ನಿಗೆ ಕುಕ್ಕರು ಭಾರವಾ?"

ಉಳಿದುಹೋಯಿತು ಎಂಬ ಒಂದೇ ಕಾರಣಕ್ಕೆ ನನ್ನ ಹತ್ತಡಿ ಜಾಗಕ್ಕೆ ಒಂದು ಕಣ್ಣು ಬಂದು ಕೂತಿತು! ಅದರ ಗಾಜಿನ ಸುತ್ತ ಸಣ್ಣ ಸಣ್ಣ ಕೆಂಪು ದೀಪಗಳು. ದೀಪ ಆರಿಸಿ ಹೊರಗೆ ಬಂದರೂ ಬೆನ್ನ ಹಿಂದೆ ಮಿಣಕ್ ಮಿಣಕ್.

ಈಗ ಈ ವ್ಯವಸ್ಥೆಯ ಮರ್ಮ ಕೇಳಿ. ಇಂಟರ್‌ನೆಟ್ಟಿನಲ್ಲಿ ನಮ್ಮ ಮನೆಗೂ ಒಂದು ಡೋರ್ ನಂಬರು ಇರುತ್ತದೆ. ಉದ್ದನೆಯ ನಂಬರು. ಅದನ್ನು ಗುಂಡ್ಲುಪೇಟೆಯ ಕಂಪ್ಯೂಟರಿನಲ್ಲಿ ಹೊಡೆದರೆ ನಮ್ಮ ಮನೆ ಕಾಣುತ್ತದೆ. ಆದರೆ ಕರೆಂಟು ಹೋಗಿ ಬಂದಾಗಲೆಲ್ಲ ಆ ನಂಬರು ಬದಲಾಗುತ್ತದೆ! ನಮ್ಮೂರಿನಲ್ಲಿ ಆಗ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತೆಂದು ನಿಮಗೆ ಹೇಳಬೇಕೆ? ಅರ್ಜಿ ಹಾಕಿದರೆ ಬದಲಾಗದ ನಂಬರು ಸಿಗುತ್ತದೆಂದು ಟೆಕ್ನೀಷಿಯನ್ ಹೇಳಿದ. "ನನ್ ಮನೆ ನಾನ್ ನೋಡಕ್ಕೆ ಯಾವನಿಗಯ್ಯ ಅರ್ಜಿ ಕೊಡ್ಲಿ?" ಎಂದು ಮಾವ ಅವನ ಮೇಲೇ ಹರಿಹಾಯ್ದರು.

ಹಾಗಾದರೆ ಪ್ರತಿ ಸಲವೂ ಹೊಸ ನಂಬರನ್ನು, ನಡುಮನೆಯಲ್ಲಿ ಕ್ಯಾಮೆರಾಗಳಿಗೆಂದೇ ಇಟ್ಟಿದ್ದ ಕಂಪ್ಯೂಟರಿನಿಂದ ಓದಿ ಹೇಳುವವರು ಯಾರು? ಅತ್ತೆಗೆ ಇಂಗ್ಲಿಷ್ ಬಾರದು. ನನ್ನವರು ಆಫೀಸಿಗೆ ಹೋಗಿರುತ್ತಾರೆ. "ನಮ್ ಸೊಸೆ ಕಾನ್ವೆಂಟು" ಎಂದರು ಮಾವ, ಹೆಮ್ಮೆಯಿಂದ. ನೋಡಿದಿರಾ ಅನ್ಯಾಯವನ್ನು? ನನ್ನನ್ನು ಕಾಯುವ ಜೈಲಿಗೆ ಬೀಗದ ಕೈ ತಿರುಗಿಸಿ ಕೊಡಬೇಕಾದವಳೂ ನಾನೇ!

ಮೊದಮೊದಲು ಇನ್ನೊಂದು ಪೀಡೆಯಿತ್ತು. ಮನೆಯ ಫೋನಿನ ತಂತಿಯಲ್ಲೇ ಇಂಟರ್‌ನೆಟ್ಟೂ ಬರುತ್ತಿತ್ತು. ಫೋನು ರಿಂಗಾದರೆ ಸಾಕು, ಅದು ಕಡಿದು ಬೀಳುತ್ತಿತ್ತು. ಮತ್ತೆ ಎದ್ದಾಗ ಹೊಸ ನಂಬರು. ಮಾವ ಅಲ್ಲಿ ನನ್ನ ತಪ್ಪು ನೋಡಿ ಬೈಯಲು ಫೋನ್ ಮಾಡುವರು. ಫೋನ್ ಮಾಡಿದ ಕ್ಷಣವೇ ಕುರುಡಾಗುವರು. ನಂಬರು ಕೇಳಲು ಮತ್ತೆ ಫೋನು, ಮತ್ತೆ ಕುರುಡು! ಒಂದು ಸೋಮವಾರ ಇದು ಹನ್ನೊಂದು ಸಲ ನಡೆಯಿತು. ಆ ಶನಿವಾರ ಮಾವ ತಮ್ಮ ಹಳೆಯ ಮೊಬೈಲು ತಂದು ನನ್ನ ಕೈಗಿಟ್ಟರು. ನನ್ನ ಬದುಕಿನ ಮೊದಲ ಮೊಬೈಲು ನಾನು ಬೈಸಿಕೊಳ್ಳಲೆಂದೇ ಬಂದದ್ದು.

ಅಲ್ಲಿಂದ ಶುರುವಾಯಿತು ಹಾಜರಿ. ಮಾವನವರ ಬಾಯಲ್ಲಿ ನಾವೆಲ್ಲ ನಂಬರುಗಳಾದೆವು. "ಎರಡರಲ್ಲಿ ಬಟ್ಟೆ ವಕ್ರವಾಗಿ ಒಣಗಾಕಿದ್ದೀರ." "ನಿಮ್ಮತ್ತೆ ಮೂರರಲ್ಲಿದ್ಳು, ಈಗ ಕಾಣ್ತಿಲ್ಲ, ಎಲ್ಲಿಗೋದ್ಳು?" "ನಾಲ್ಕರಲ್ಲಿ ಪುಸ್ತಕ ಯಾಕವ್ವ? ಒಲೆ ಕಡೆ ನೋಡು!" ಚಿತ್ರ ಅಲ್ಲಿಗೆ ತಲುಪುವ ಹೊತ್ತಿಗೆ ಅರ್ಧ ನಿಮಿಷ ಕಳೆದಿರುತ್ತಿತ್ತು. "ಹಾಲು ಉಕ್ತಾ ಅದೆ!" ಎಂದು ಅವರು ಕಿರುಚುವಾಗ ನಾನು ಉಕ್ಕಿದ ಹಾಲು ಒರೆಸಿ ಬಟ್ಟೆ ಹಿಂಡುತ್ತಿದ್ದೆ. ಹಿಂಡಿದ್ದು ಬಟ್ಟೆಯನ್ನೇ, ಆದರೆ ಮನಸ್ಸಿನಲ್ಲಿ ಬೇರೇನೋ ಇತ್ತು.

"ಸಾರಿಗೆ ಉಪ್ಪು ಹಾಕ್ಲಿಲ್ಲ ನೀನು" ಎಂದರು ಒಂದು ದಿನ.

"ಹಾಕಿದೆ ಮಾವ."

"ಕೈ ಆ ಕಡೆ ಹೋಗ್ಲೇ ಇಲ್ಲ. ನಾನ್ ನೋಡ್ತಾ ಇವ್ನಿ."

ಮೆತ್ತಗೆ "ಸರಿ ಮಾವ, ಪ್ಲೀಸ್" ಎಂದು ಮತ್ತೊಂದು ಚಮಚ ಸುರಿದೆ. ರಾತ್ರಿ ಆ ಸಾರನ್ನು ನನ್ನವರು ಮುಖ ಕಿವುಚಿಕೊಂಡು ಉಂಡರು. ನನಗೆ ಒಂದಿಷ್ಟೂ ಪಶ್ಚಾತ್ತಾಪವಾಗಲಿಲ್ಲ. ಏಕೆಂದರೆ ಈ ಕ್ಯಾಮೆರಾ ತೆಗೆಸಿ ಎಂದು ಬೇಡಿಕೊಂಡಾಗ ಅವರು ಹೇಳಿದ್ದು ಇಷ್ಟು: "ಇರ್ಲಿ ಬಿಡೆ, ಪಾಪ, ಅಪ್ಪಂಗೆ ಸಂಜೆ ಹೊತ್ತು ಹೋಗ್ಬೇಕಲ್ಲ." ಇವರಪ್ಪನಿಗೆ ಹೊತ್ತು ಹೋಗಲಿ ಅಂತ ನಾನು ಸಿನಿಮಾ ಆಗಬೇಕೆ?

ಅತ್ತೆಗೆ ಮಾತ್ರ ಕ್ಯಾಮೆರಾದ ಚಿಂತೆಯೇ ಇರಲಿಲ್ಲ. ಸಕ್ಕರೆ ಕಾಯಿಲೆಯ ಅವರು ಗೋಡೆಗೆ ಬೆನ್ನು ಹಚ್ಚಿ ಸರಿಯುತ್ತಾ ಬಂದು, ಸರಿಯಾಗಿ ಕ್ಯಾಮೆರಾದ ಬುಡದಲ್ಲಿ ನಿಂತು ಬೆಲ್ಲ ಚೀಪುವರು. "ಅದ್ರ ಕಣ್ಣು ಮುಂದಕ್ಕದೆ ಕಣಮ್ಮಿ, ಕಾಲ್ಬುಡ ಕಾಣಲ್ಲ. ನಿಮ್ ಮಾವಂದೂ ಅಂಗೇಯ" ಎಂದು ನನ್ನ ಬಾಯಿಗೂ ಒಂದು ಚೂರು ಹಾಕುವರು.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆನೋ ಏನೋ. ಶ್ರಾವಣದ ಒಂದು ಶನಿವಾರ ನಾವೆಲ್ಲ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟೆವು. ದಾರಿಯಲ್ಲಿ ಗುಂಡ್ಲುಪೇಟೆಯಲ್ಲಿ ಮಾವನವರನ್ನು ಹತ್ತಿಸಿಕೊಳ್ಳಬೇಕಿತ್ತು. ಅವರ ರೂಮಿನ ಕೆಳಗೇ ಆ ಬ್ರೌಸಿಂಗ್ ಸೆಂಟರು. ನಾನು ಬಾಡಿಗೆ ಕಾರಿನಿಂದ ಇಳಿಯುತ್ತಿದ್ದಂತೆ ಅದರ ಮಾಲೀಕ ಎದ್ದು ನಿಂತು ಕೈ ಮುಗಿದ.

"ಅಕ್ಕ, ನೀವೇ ಅಲ್ವಾ ನಾಲ್ಕನೇ ನಂಬರು?"

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

"ಗುರುವಾರ ಬದ್ನೇಕಾಯಿ ಸುಟ್ರಲ್ಲ, ನಾವ್ ಇಲ್ಲಿ ಬಾಯ್ ಚಪ್ಪರಿಸಿದ್ದೇ ಬಂತು!" ಎಂದ. ಪಕ್ಕದ ಅಂಗಡಿಯ ದರ್ಜಿ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದು, "ಆ ಹಸ್ರು ಸೀರೆ ಸೆರಗು ಒಲೆ ಅತ್ರ ಬುಡ್ಬೇಡಿ ಅಕ್ಕ. ನೋಡೋರ್ಗೆ ಎದೆ ಝಲ್ ಅಂತದೆ" ಎಂದು ನಿಜವಾದ ಕಾಳಜಿಯಿಂದ ಹೇಳಿದ.

ಅಂದರೆ ಅರ್ಧ ಗುಂಡ್ಲುಪೇಟೆ ನನ್ನ ಅಡುಗೆಮನೆಯೊಳಗೆ ಕೂತಿತ್ತು! ಬಾಣಲೆ ಕೆರೆದದ್ದು, ಬೆವರು ಒರೆಸಿಕೊಂಡದ್ದು, ಅಮ್ಮನ ನೆನಪಾಗಿ ಒಂದು ಸಂಜೆ ಸಿಂಕಿನ ಮುಂದೆ ಅತ್ತದ್ದು, ಎಲ್ಲವನ್ನೂ ದರ್ಜಿ ನೋಡಿದ್ದ! ಮಾವ ಮೆಟ್ಟಿಲಿಳಿದು ಬಂದವರು ಎದೆಯುಬ್ಬಿಸಿ ಕೇಳಿದರು: "ಎಷ್ಟ್ ಕ್ಲಿಯರಾಗಿ ಕಾಣ್ತದೆ ಅಂತ ಗೊತ್ತಾಯ್ತಾ?"

ನಾನು ಏನು ಹೇಳಿದೆ? "ಥ್ಯಾಂಕ್ಯೂ ಮಾವ" ಎಂದೆ. ಅಷ್ಟು ಸಿಟ್ಟು ಬಂದಿತ್ತು.

ಬೆಟ್ಟದ ಮೇಲೆ ಮಂಜು ಕವಿದು ಪಕ್ಕದಲ್ಲಿ ನಿಂತವರ ಮುಖವೂ ಕಾಣುತ್ತಿರಲಿಲ್ಲ. ಎಷ್ಟೋ ತಿಂಗಳಲ್ಲಿ ಮೊದಲ ಸಲ ಬಾಯಿ ಪೂರ್ತಿ ತೆರೆದು ಆಕಳಿಸಿದೆ. ಆ ಮಂಜಿನಲ್ಲೇ ನನಗೆ ಉಪಾಯ ಹೊಳೆಯಿತು. ದೇವರ ಸನ್ನಿಧಿಯಲ್ಲಿ ಹೊಳೆದದ್ದಾದ್ದರಿಂದ ಪಾಪವಲ್ಲ ಎಂದುಕೊಂಡೆ.

ಸೋಮವಾರ ಸಂಜೆ ಮೊಬೈಲು ಬಡಿದುಕೊಂಡಿತು. "ನಂಬರ್ ಹೇಳವ್ವ." ಸಿಸ್ಟರು ಕಲಿಸಿದಂತೆ ಒಂದೊಂದು ಅಂಕಿಯನ್ನೂ ಸ್ಪಷ್ಟವಾಗಿ, ತುಟಿ ಬಿಚ್ಚಿ, ನಿಧಾನವಾಗಿ ಓದಿದೆ. ಕೊನೆಯ ಅಂಕಿಗೆ ಮಾತ್ರ ಒಂದು ಕೂಡಿಸಿ ಹೇಳಿದೆ.

ಆಹಾ, ಆಮೇಲಿನ ದಿನಗಳೇ! ಕಣ್ಣು ಗೋಡೆಯ ಮೇಲೆ ಇತ್ತು, ಅದರ ಹಿಂದೆ ಯಾರೂ ಇರಲಿಲ್ಲ. ಪುಸ್ತಕ ಮತ್ತೆ ಸಾಸಿವೆ ಡಬ್ಬಕ್ಕೆ ಒರಗಿತು. ಮಾವ ದಿನಾ ಸಂಜೆ ಕೇಳುವರು, ನಾನು ದಿನಾ ಒಂದು ಕೂಡಿಸಿ ಹೇಳುವೆ. "ಕಾಣ್ತಿಲ್ಲ ಕಣವ್ವ" ಎನ್ನುವರು. "ಹೌದಾ ಮಾವ? ಅಯ್ಯೋ" ಎನ್ನುವೆ. ಅವರು ಬ್ರೌಸಿಂಗ್ ಸೆಂಟರಿನವನ ಹತ್ತಿರ ಜಗಳವಾಡಿದರು. ಟೆಲಿಫೋನಿನವರಿಗೆ ಉಗಿದರು. ಮೈಸೂರಿನ ಅಂಗಡಿಗೆ ಫೋನ್ ಮಾಡಿ ಅವರ ವಂಶವನ್ನೇ ಜಾಲಾಡಿದರು. ಜಾಲಾಡಲಿ! ಯಾರದೋ ತಪ್ಪಿಗೆ ಯಾರನ್ನೋ ಬೈಯುವುದು ಅವರಿಗೇನು ಹೊಸದೆ?

ಮುಂದಿನ ವಾರದ ಗುರುವಾರ ಮಧ್ಯಾಹ್ನ ಬಾಗಿಲು ತೆಗೆದರೆ ಮಾವ! ಅರ್ಧ ದಿನ ರಜೆ ಹಾಕಿ ಬಂದಿದ್ದರು, ಟೆಕ್ನೀಷಿಯನ್ನನ್ನೂ ಕರೆಸಿದ್ದರು. ಕೈಯಲ್ಲಿ ಒಂದು ನೋಟ್‌ಬುಕ್ಕು. ಹಾಜರಿ ಪುಸ್ತಕದ ಹಾಗೆ ಸ್ಕೇಲಿನಿಂದ ಗೆರೆ ಎಳೆದು, ನಾನು ಹೇಳಿದ ಪ್ರತಿ ನಂಬರನ್ನೂ ದುಂಡಾಗಿ ಬರೆದಿದ್ದರು. ಪ್ರತಿಯೊಂದರ ಎದುರೂ ಒಂದೇ ಮಾತು: 'ಕಾಣಲಿಲ್ಲ.' 'ಕಾಣಲಿಲ್ಲ.' 'ಕಾಣಲಿಲ್ಲ.'

"ಇವತ್ ಬೆಳಿಗ್ಗೆ ಇಲ್ಲಿಗೆ ಫೋನ್ ಮಾಡಿ ತಗೊಂಡಿದ್ದು ಇದು" ಎಂದು ಕೊನೆಯ ಸಾಲನ್ನು ತೋರಿಸಿದರು. "ನಿನ್ ಮಿಷನ್ನೇ ಸರಿಯಿಲ್ಲ."

"ಸಾರ್, ನಂಬರ್ ಓದಿ ಹೇಳೋವ್ರು ಏನಾದ್ರೂ ತಪ್ಪು..." ಎಂದು ಟೆಕ್ನೀಷಿಯನ್ ರಾಗ ಎಳೆದ.

"ಬಾಯ್ ಮುಚ್ಚಯ್ಯ! ಮಿಷನ್ ತಪ್ಪು ಹೇಳ್ಬೋದು, ಟೆಲಿಫೋನ್ನವ್ರು ಸುಳ್ಳು ಹೇಳ್ಬೋದು. ನಮ್ ಸೊಸೆ ಓದಿದ್ ಅಂಕಿ ತಪ್ಪಾಗಲ್ಲ."

ಒಂದು ಸಲ ಕರೆಂಟು ಹೋಗಿ ಬಂದರೆ ನಂಬರು ಬದಲಾಗಿ ನನ್ನ ಕಳ್ಳತನ ಅಳಿಸಿಹೋಗುತ್ತಿತ್ತು. ಕರೆಂಟು ಹೋಗಲಿ ದೇವರೇ ಎಂದು ಬದುಕಿನಲ್ಲಿ ಮೊದಲ ಬಾರಿಗೆ ಬೇಡಿಕೊಂಡೆ. ದಿನಕ್ಕೆ ನಾಲ್ಕು ಸಲ ಹೋಗುವ ಹಾಳು ಕರೆಂಟು ಅವತ್ತು ಬೆಳಗಿನಿಂದ ಕಣ್ಣು ಮಿಟುಕಿಸಿರಲಿಲ್ಲ!

ಟೆಕ್ನೀಷಿಯನ್ ಕಂಪ್ಯೂಟರಿನಲ್ಲಿ ಆ ಪುಟ ತೆರೆದ. ಮಾವ ಕನ್ನಡಕ ಏರಿಸಿ, ನೋಟ್‌ಬುಕ್ಕನ್ನು ಪರದೆಯ ಪಕ್ಕ ಹಿಡಿದು, ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ಸರಿದರು. ಬೆರಳು ಕೊನೆಯ ಅಂಕಿಯ ಮೇಲೆ ನಿಂತಿತು. ಹಿಂದಿನ ದಿನದ ಸಾಲಿಗೆ ಹೋಯಿತು. ಅದರ ಹಿಂದಿನದಕ್ಕೆ ಹೋಯಿತು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

ಅಷ್ಟು ತಿಂಗಳು ದಿನಾ ನನ್ನನ್ನು ನೋಡಿದ ಮನುಷ್ಯ ನಿಜವಾಗಿ ನೋಡಿದ್ದು ಆಗ ಎಂದು ಈಗಲೂ ನನಗೆ ಅನ್ನಿಸುತ್ತದೆ. ನಾನು ಕಣ್ಣು ತಗ್ಗಿಸಲಿಲ್ಲ. ಹೇಳಿಬಿಡೋಣ ಎಂದು ಬಾಯಿ ತೆರೆದೆ.

ಮಾವ ಪಟ್ಟೆಂದು ನೋಟ್‌ಬುಕ್ಕು ಮುಚ್ಚಿದರು.

"ನಂದೇ ತಪ್ಪು ಕಣಯ್ಯ. ಬರ್ಕೊಳೋವಾಗ ನಾನೇ ತಪ್ಪು ಬರ್ಕೊಂಡಿವ್ನಿ."

"ಏನ್ ಸಾರ್, ಮೇಷ್ಟ್ರಾಗಿ ಅಂಕಿ ಬರ್ಕೊಳಕ್ಕೆ ಬರಲ್ವಾ? ಅಷ್ಟು ದೂರದಿಂದ ಓಡ್ಸಿದ್ರಲ್ಲ ನನ್ನ!" ಟೆಕ್ನೀಷಿಯನ್ ಗಹಗಹಿಸಿ ನಕ್ಕ. ಒಳಗಿನಿಂದ ಅತ್ತೆಯೂ ನಕ್ಕರು. ಸೀಟಿ ಊದಿದರೆ ಇಡೀ ಮೈದಾನ ನಿಲ್ಲಿಸುವ ಮನುಷ್ಯ ಸುಮ್ಮನೆ ನಿಂತು ನಗಿಸಿಕೊಂಡರು.

ಆಮೇಲೆ ಅವನ ಚೀಲದಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಅಡುಗೆಮನೆಗೆ ನಡೆದರು. ಸ್ಟೂಲು ಎಳೆದು ಹತ್ತಿದರು.

"ನಾಲ್ಕನೇದು ಕೆಟ್ಟದೆ, ಬಿಚ್ಚಾಕ್ತೀನಿ."

"ಅದು ಚೆನ್ನಾಗೇ ಅದೆಯಲ್ಲ ಸಾರ್?"

"ಕೆಟ್ಟದೆ ಅಂತ ನಾನ್ ಹೇಳ್ತಿವ್ನಲ್ಲ!"

ನನ್ನ ಕಡೆ ಮತ್ತೆ ನೋಡಲಿಲ್ಲ. ಕಾಫಿ ಕುಡಿದು, ಲೋಟ ತಾವೇ ತೊಳೆದಿಟ್ಟು, ನಾಲ್ಕು ಗಂಟೆಯ ಬಸ್ಸಿಗೆ ಹೊರಟುಹೋದರು.

ಮಾರನೆಯ ದಿನ ಕರೆಂಟು ಹೋಗಿ ಬಂತು. ಸಂಜೆ ಐದಾಯಿತು, ಆರಾಯಿತು, ಮೊಬೈಲು ಬಡಿದುಕೊಳ್ಳಲಿಲ್ಲ. ಬಡಿದುಕೊಳ್ಳದಿದ್ದರೆ ನನಗೇನು ಎಂದು ಎರಡು ಸಲ ಒಲೆ ಒರೆಸಿದೆ. ಮೂರನೆಯ ಸಲ ಒರೆಸುವಾಗ ಬಟ್ಟೆ ಬಿಸಾಕಿ ಹೋಗಿ, ಕಂಪ್ಯೂಟರಿನ ಮುಂದೆ ನಿಂತು ನಾನೇ ಫೋನ್ ಮಾಡಿದೆ.

"ಮಾವ, ನಂಬರು ಬರ್ಕೋತೀರಾ?"

ಆ ಕಡೆ ಹಾಳೆ ತಿರುವುವ ಸದ್ದು.

ಒಂದೊಂದಾಗಿ ಓದಿದೆ. ಕೊನೆಯ ಅಂಕಿಯನ್ನು ಇದ್ದ ಹಾಗೇ ಓದಿದೆ.

"ಬರ್ಕೊಂಡ್ರಾ?"

"ಬರ್ಕೊಂಡೆ ಕಣವ್ವ" ಎಂದರು. ಅವರ ದನಿ ಅಷ್ಟು ಮೆತ್ತಗಿದ್ದುದನ್ನು ನಾನು ಎಂದೂ ಕೇಳಿರಲಿಲ್ಲ. "ಆದ್ರೂ ಇನ್ನೊಂದ್ ಸಲ ಹೇಳು ಮಗ. ನಾನು ಬರ್ಕೊಳೋದ್ರಲ್ಲಿ ತಪ್ಪು ಮಾಡ್ಬುಡ್ತೀನಿ."