ಕಡ್ಡಿರೆಕ್ಕೆಯ ಮೀನುಗಳ ವಂಶಾವಳಿ ಹಾಗೂ ಅವುಗಳ ಮಣ್ಣಿಗೆ ಹಾಜರಾಗುವ ಬಗ್ಗೆ

ಜಲಚರ ವಂಶಾವಳಿ ಖಾತೆ, ರೋಣ
(ವಾಸನೆ ಇಳಿಯುವವರೆಗೆ ಕಚೇರಿಯ ಹಿಂದಿನ ಹುಣಸೆಮರದ ಕೆಳಗೆ)

ಸುತ್ತೋಲೆ ಸಂಖ್ಯೆ: ಜ.ವಂ./ಮೀನು/ಮಣ್ಣು/7
ಶಾಲಿವಾಹನ ಶಕೆ 1778, ನಳ ಸಂವತ್ಸರ, ಕಾರ್ತಿಕ ಮಾಸ

ವಿಷಯ: ಮೀನುಗಳನ್ನು ಮನೆತನವಾರು ವಿಂಗಡಿಸಿದ್ದರಿಂದ ಉಂಟಾದ ರಕ್ತಸಂಬಂಧದ ವಿಲೇವಾರಿ ಹಾಗೂ ನರೇಗಲ್ ಸಂತೆಯಲ್ಲಿ ಮೀನು ಮಾರಾಟಕ್ಕೆ ಮರಳಿ ಪರವಾನಗಿ.

ಉಲ್ಲೇಖ: (1) ಮೇಲಿನ ಕಚೇರಿಯ ಪತ್ರ. ಕೊನೆಯ ಪುಟವನ್ನು ಗೆದ್ದಲು ತಿಂದಿದೆ.
(2) ಮೀನು ಮಾರುವ ಹಸನಬಿ ಕೋಂ ಮರ್ಹೂಮ (ತೀರಿಹೋದ) ಖಾಜಾಸಾಬ, ಸಾಕಿನ ನರೇಗಲ್, ಇವರ ತಕರಾರು. ಬಾಯಿಮಾತಿನದು, ಪೇಟೆಯೆಲ್ಲ ಕೇಳಿದೆ.

ಈಜುರೆಕ್ಕೆಯೊಳಗೆ ಬೀಸಣಿಕೆಯಂತೆ ಕಡ್ಡಿಗಳಿರುವ ಮೀನುಗಳೆಲ್ಲ ಒಂದೇ ಮೂಲದಿಂದ ಬಂದಿರಬಹುದೆಂಬ ಗುಮಾನಿಯಿದ್ದು, ಅವುಗಳಲ್ಲಿ ಯಾವುದು ಯಾವ ಮನೆತನದ್ದು, ಯಾರು ಯಾರಿಗೆ ದಾಯಾದಿ ಎಂಬುದನ್ನು ವಿಚಾರಿಸಿ ವರದಿ ಕಳುಹಿಸುವಂತೆ ಮೇಲಿನ ಕಚೇರಿಯಿಂದ ಅಪ್ಪಣೆಯಾಗಿತ್ತು. ಈ ಸೀಮೆಯಲ್ಲಿ ಯಾರ ಮನೆತನ ತಿಳಿಯಬೇಕಾದರೂ ಹೆಳವರನ್ನು ಕೇಳುವುದು ವಾಡಿಕೆ. ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು, ತಲೆತಲಾಂತರದ ಹೆಸರು ಹೇಳಿ ಕಾಳು ಪಡೆದು ಹೋಗುವ ಹೆಳವರಿಗೆ ಮನುಷ್ಯರ ವಂಶ ಗೊತ್ತಿದ್ದ ಮೇಲೆ ಮೀನಿನದು ಹೇಳಲು ಏನು ಅಡ್ಡಿ ಎಂದು ಈ ಖಾತೆ ಭಾವಿಸಿತು. ಭಾವಿಸಬಾರದಿತ್ತು. ಆದದ್ದು ಆಗಿಹೋಗಿದ್ದು, ಈ ಕೆಳಗಿನಂತೆ ಸಮಸ್ತರಿಗೂ ತಿಳಿಯಪಡಿಸಲಾಗಿದೆ.

1. ರೆಕ್ಕೆ ಬಿಡಿಸಿ ನೋಡಿದಾಗ ಕಡ್ಡಿ ಕಂಡರೆ ಮಾತ್ರ ಅದು ಈ ಖಾತೆಗೆ ಸೇರಿದ್ದು. ಬೆಳವಣಕಿಯಿಂದ ಹುರುಪಿನಲ್ಲಿ ಕಳುಹಿಸಲಾದ ಏಡಿ, ಕಪ್ಪೆ ಹಾಗೂ ಆಮೆಯನ್ನು ಹಿಂತಿರುಗಿಸಲಾಗಿದೆ. ಆಮೆ ಇನ್ನೂ ದಾರಿಯಲ್ಲಿದೆ.

2. ಹೆಳವ ಪರಶಪ್ಪ ನರೇಗಲ್ ಕೆರೆಯ ದಂಡೆಯ ಮೇಲೆ ಎತ್ತು ನಿಲ್ಲಿಸಿ ಹೇಳಿದ ಪ್ರಕಾರ, ಬಾಳೆಮೀನು ಮತ್ತು ಚೇಳುಮೀನು ಅಣ್ಣತಮ್ಮಂದಿರ ಮಕ್ಕಳು. ಇಬ್ಬರಿಗೂ ಮೀಸೆ ಇದೆ, ಇಬ್ಬರ ಮೈಮೇಲೂ ಹುರುಪೆ ಇಲ್ಲ. ಹಾವುಮೀನು ಮನೆಬಿಟ್ಟು ಹೋಗಿ ವೇಷ ಬದಲಿಸಿಕೊಂಡಿದೆಯಾದರೂ ರಕ್ತ ಇದೇ ಮನೆಯದು. ಮೈತುಂಬ ಗಟ್ಟಿ ಹುರುಪೆಯ ಹಿರಿಯ ಕವಲೊಂದು ದೂರದೇಶದಲ್ಲಿದೆಯಂತೆ. ಅವರಿಗೆ ಹೇಳಿಕಳುಹಿಸುವ ವೆಚ್ಚ ಮಂಜೂರಾಗಿಲ್ಲ.

3. ಕಾಳು ಕೊಡುವ ಮನೆಯಿಲ್ಲದೆ ವಂಶ ಹೇಳುವ ಪದ್ಧತಿ ಇಲ್ಲವೆಂದು ಪರಶಪ್ಪ ನಡುವೆಯೇ ಬಾಯಿ ಮುಚ್ಚಿದ. ಮೀನುಗಳ ಬಳಿ ಜೋಳ ಇರಲಿಲ್ಲ. ಕೆಲಸ ಬೇಗ ಮುಗಿಯಲೆಂದು ಕೆಳಗೆ ರುಜು ಮಾಡಿದವರು ತಮ್ಮ ಮನೆಯಿಂದ ಜೋಳ ತರಿಸಿ ಕೊಟ್ಟರು. ಯಾವ ಮನೆಯ ಕಾಳೋ ಆ ಮನೆಯ ವಂಶ ಎಂಬುದು ಹೆಳವರ ಕಟ್ಟಳೆ. ಹೀಗಾಗಿ ಕಡ್ಡಿರೆಕ್ಕೆಯ ಸಮಸ್ತ ಮೀನುಗಳು ರುಜು ಮಾಡಿದವರ ಮುತ್ತಜ್ಜನ ತಮ್ಮನ ಕವಲಿಗೆ ಸೇರಿಹೋದವು. ಸದರಿ ಮನೆತನದಲ್ಲಿ ಈವರೆಗೆ ಯಾರೂ ಮೀನು ಮುಟ್ಟಿದವರಲ್ಲ ಎಂಬ ಆಕ್ಷೇಪಣೆಗೆ, ಅದಕ್ಕೇ ದಾಯಾದಿಗಳು ಇಷ್ಟು ಮಂದಿ ಉಳಿದಿದ್ದಾರೆ ಎಂದು ಪರಶಪ್ಪ ಉತ್ತರಿಸಿದ. ರುಜು ಮಾಡಿದವರ ಪತ್ನಿ ಗೌರವ್ವನವರು, ಗಂಡನ ಕಡೆಯ ಬಳಗದಲ್ಲಿ ಎದುರು ಮಾತಾಡದವರು ಈ ಮೀನುಗಳು ಮಾತ್ರ ಎಂದು ಸಂತೋಷ ವ್ಯಕ್ತಪಡಿಸಿದ್ದನ್ನು ಕಡತಕ್ಕೆ ಸೇರಿಸಲಾಗಿಲ್ಲ.

4. ರಕ್ತಸಂಬಂಧಿಕರು ಸತ್ತರೆ ಮಣ್ಣಿಗೆ ಹೋಗಲೇಬೇಕು. ಆದ್ದರಿಂದ ಮೀನು ಕೊಯ್ಯುವವರು ಮುಂಚಿತವಾಗಿ ಕಚೇರಿಗೆ ಹೇಳಿಕಳುಹಿಸತಕ್ಕದ್ದು. ಕಿರಿಯ ಮೀನಾದರೆ ರುಜು ಮಾಡಿದವರು ಮುಖ ತೋರಿಸಿ ಬರಬಹುದು. ಹಿರಿಯ ಮೀನಾದರೆ ಕೊನೆಯವರೆಗೂ ನಿಲ್ಲತಕ್ಕದ್ದು. ಹಿರಿತನವನ್ನು ಮೀಸೆಯ ಉದ್ದದಿಂದ ನಿರ್ಧರಿಸಲಾಗುವುದು.

5. ಮೀನಿನ ಸಾರು ಕುದಿಯುವಾಗ ಒಲೆಯ ಬಳಿ ನಗುವುದನ್ನು, ಹಾಡುವುದನ್ನು ಹಾಗೂ ಉಪ್ಪು ಕಡಿಮೆಯಾಗಿದೆ ಎನ್ನುವುದನ್ನು ನಿಷೇಧಿಸಲಾಗಿದೆ.

6. ಮಳೆಗಾಲದಲ್ಲಿ ನರಗುಂದ ಸಂಸ್ಥಾನದ ಸರಹದ್ದಿನಿಂದ ಬೆಣ್ಣಿಹಳ್ಳದ ಮೂಲಕ ಇತ್ತ ಇಳಿದು ಬರುವ ಮೀನುಗಳೂ, ಗಜೇಂದ್ರಗಡ ಜಹಗೀರಿನ ಕೆರೆಗಳಲ್ಲಿ ಬೀಡುಬಿಟ್ಟಿರುವ ಮೀನುಗಳೂ ತಾವು ಯಾರ ಪ್ರಜೆಗಳೆಂದು ತಿಳಿಸತಕ್ಕದ್ದು. ವಿಚಾರಿಸಿದಾಗ ಅವು ಬಾಯಿ ತೆರೆದವು, ಏನೂ ಹೇಳಲಿಲ್ಲ. ಇದನ್ನು ಉದ್ಧಟತನವೆಂದು ಪರಿಗಣಿಸಲಾಗಿದೆ.

7. ಸಂತೆಯ ದಿನ ಮಣ್ಣುಗಳು ವಿಪರೀತವಾಗಿ, ರುಜು ಮಾಡಿದವರಿಗೆ ಕಚೇರಿಯಲ್ಲಿ ಕೂರಲು ಪುರುಸೊತ್ತಿಲ್ಲದೆ, ಊರವರು ಒಬ್ಬರ ಹಿಂದೊಬ್ಬರು ಗಂಭೀರ ಮುಖ ಮಾಡಿಕೊಂಡು ಸಾಂತ್ವನ ಹೇಳಲು ಬರತೊಡಗಿದ್ದರಿಂದ, ಮೀನು ಮಾರಾಟವನ್ನೇ ನಿಲ್ಲಿಸಲಾಯಿತು. ಹಸನಬಿ ಗಂಡ ತೀರಿದ ಮೇಲೆ ಮೀನಿನ ಬುಟ್ಟಿಯೊಂದನ್ನೇ ನಂಬಿದವಳು, ಸಂತೆ ತಪ್ಪಿದರೆ ಅವಳ ಒಲೆ ಹೊತ್ತುವುದಿಲ್ಲ ಎಂಬ ಅಂಶ ಖಾತೆಯ ಗಮನಕ್ಕೆ ಬಂದಿತ್ತು. ಬಂದರೂ ನಿಲ್ಲಿಸಲಾಯಿತು.

8. ಮಾರಲು ಬಿಡದ ಮೀನನ್ನು ಹಸನಬಿ ಎಸೆಯಲಿಲ್ಲ. ಅದು ಚೆನ್ನಾಗಿ ಕೊಳೆಯುವವರೆಗೆ ಕಾದು, ಬುಟ್ಟಿಯನ್ನು ನರೇಗಲ್‌ನಿಂದ ತಲೆಯ ಮೇಲೆ ಹೊತ್ತು ತಂದು ಕಚೇರಿಯ ಒಳಗೆ, ಮೇಜಿನ ಮೇಲೆ ಇಳಿಸಿದಳು. ಕಾರಕೂನರು ಕಿಟಕಿಯಿಂದ ಹೊರಬಿದ್ದರು. ಅವಳ ಹೇಳಿಕೆಯನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಲಾಗಿದೆ: "ಸಾಹೇಬ್ರ, ನಮ್ಮ ಮಂದಿ ಸತ್ರ ನಾವ ಮಣ್ಣ ಕೊಡತೇವ್ರಿ. ಇವ್ರು ನಿಮ್ಮ ಮಂದಿ ಅಂತ ನೀವ ಡಂಗುರ ಸಾರಿಸೀರಿ. ಬರ್ರಿ, ಕುಣಿ ತೋಡ್ರಿ." ರುಜು ಮಾಡಿದವರು ಗುದ್ದಲಿ ಹಿಡಿದರು. ಎರೆಮಣ್ಣು ಗುದ್ದಲಿಗೆ ಮೆತ್ತಿಕೊಂಡು ಬಿಡಲಿಲ್ಲ. ಹಸನಬಿ ಸ್ವಲ್ಪ ಹೊತ್ತು ನೋಡಿ, ಗುದ್ದಲಿ ಕಸಿದುಕೊಂಡು ಉಳಿದದ್ದನ್ನು ತಾನೇ ತೋಡಿದಳು. ತನ್ನ ಗಂಡನ ಕುಣಿಗೂ ಇಷ್ಟು ಹೊತ್ತು ಹಿಡಿದಿರಲಿಲ್ಲ ಎಂದಳು. ರುಜು ಮಾಡಿದವರಿಗೆ ನಾಚಿಕೆಯಾಯಿತು.

9. ಸಂಬಂಧ ಕಡಿದುಹಾಕುವಂತೆ ಕೇಳಿಕೊಂಡಾಗ, ವಂಶಕ್ಕೆ ಸೇರಿದವರನ್ನು ತೆಗೆಯಲು ಬರುವುದಿಲ್ಲ, ಬೇಕಾದರೆ ದತ್ತು ಕೊಡಬಹುದು ಎಂದು ಪರಶಪ್ಪ ತಿಳಿಸಿರುತ್ತಾನೆ. ಆದಕಾರಣ ಕಡ್ಡಿರೆಕ್ಕೆಯ ಸಮಸ್ತ ಮೀನುಗಳನ್ನು, ಮೀಸೆಯಿದ್ದವರು ಇಲ್ಲದವರು ಎಂಬ ಭೇದವಿಲ್ಲದೆ, ಈ ಪ್ರಶ್ನೆಯನ್ನು ಮೊದಲು ಕೇಳಿದ ಮೇಲಿನ ಕಚೇರಿಯ ಹುಜೂರರ ಮನೆತನಕ್ಕೆ ದತ್ತು ಕೊಡಲಾಗಿದೆ. ಇನ್ನು ಮುಂದೆ ಎಲ್ಲ ಮಣ್ಣಿಗೂ ಅವರೇ ದಯಮಾಡಿಸತಕ್ಕದ್ದು. ಅವರು ಬರುವುದು ತಡವಾದರೆ ಅವರಿಗಾಗಿ ಒಲೆಯ ಮೇಲಿನ ಸಾರನ್ನು ತಡೆಹಿಡಿಯಕೂಡದು.

10. ಬರುವ ಸಂತೆಯಿಂದ ಹಸನಬಿ ಎಂದಿನ ಜಾಗದಲ್ಲಿ ಕುಳಿತು ಮೀನು ಮಾರತಕ್ಕದ್ದು. ಈ ಕಲಮಿಗೆ ಯಾವ ಷರತ್ತೂ ಇಲ್ಲ.

(ರುಜು)
ಗುರುಸಂಗಪ್ಪ
ಅವ್ವಲ್‌ಕಾರಕೂನ, ಜಲಚರ ವಂಶಾವಳಿ ಖಾತೆ

ಪ್ರತಿಗಳು:

ಮೇಲಿನ ಕಚೇರಿಯ ಹುಜೂರರಿಗೆ, ದತ್ತಕದ ಶುಭಸಮಾಚಾರಕ್ಕೆ ಬಾಯಿ ಸಿಹಿ ಮಾಡಿಕೊಳ್ಳಲು ಬೆಲ್ಲದ ಸಮೇತ.

ನರಗುಂದ ಸಂಸ್ಥಾನಕ್ಕೆ ಹಾಗೂ ಗಜೇಂದ್ರಗಡ ಜಹಗೀರಿಗೆ, ತಮ್ಮ ಕಡೆಯ ಮೀನುಗಳಿಗೆ ತಿಳಿಹೇಳಲು.

ಹೆಳವ ಪರಶಪ್ಪನಿಗೆ, ಮುಂದಿನ ಸಲ ಬೇರೆ ಓಣಿಯಿಂದ ಹಾಯ್ದುಹೋಗಲು.

ಆಮೆಗೆ, ದಾರಿಯಲ್ಲಿ ಸಿಕ್ಕರೆ.

ಹಸನಬಿಗೆ, ಮಾಹಿತಿಗಾಗಿ. ತಲುಪಿಸಿದ ಬಗ್ಗೆ ಶರಾ: ಸದರಿಯವಳಿಗೆ ಓದಲು ಬಾರದ್ದರಿಂದ ರುಜು ಮಾಡಿದವರು ಖುದ್ದಾಗಿ ಸಂತೆಗೆ ಹೋಗಿ, ಬುಟ್ಟಿಯ ಮುಂದೆ ನಿಂತು, ಎಲ್ಲ ಕಲಮುಗಳನ್ನೂ ಓದಿ ಹೇಳಿದರು. ಆಕೆ ಪೂರ್ತಿ ಕೇಳಿಸಿಕೊಂಡು, ಹಿಂದೆ ಗಿರಾಕಿಗಳು ನಿಂತಿದ್ದಾರೆ, ಸ್ವಲ್ಪ ಪಕ್ಕಕ್ಕೆ ಸರಿಯಿರಿ ಎಂದಳು. ಸರಿಯಲಾಯಿತು.